ಗ್ಲೈಡರ್ ಪೈಲಟ್‌ಗೆ ಹವಾಮಾನದ ಪುಸ್ತಕ: 125 ಎಲ್ಲಿಂದ ಬಂತು ಅಂತ ಹೇಳಿಕೊಡುವುದನ್ನೇ ಕೊಳ್ಳಿ

ಎಂಜಿನ್ ಇರುವ ವಿಮಾನದವರಿಗೆ ಬರೆದ ಹವಾಮಾನದ ಪುಸ್ತಕಗಳಲ್ಲಿ ಮೆಟಾರ್ (ವಿಮಾನ ನಿಲ್ದಾಣದ ಹವಾಮಾನ ವರದಿ) ಓದುವುದು, ಮಂಜು, ಐಸಿಂಗ್ (ವಿಮಾನದ ಮೇಲೆ ಹಿಮ ಕಟ್ಟುವುದು), ಗುಡುಗುಮೋಡದಿಂದ ದೂರ ಇರುವುದು ಇವೇ ತುಂಬಿರುತ್ತವೆ. ಅವೂ ಬೇಕು. ಆದರೆ ಗ್ಲೈಡರ್ ಹಾರಿಸುವವರಿಗೆ ಬೆಳಿಗ್ಗೆ ಎದ್ದ ಕೂಡಲೇ ಬೇಕಾದ ಉತ್ತರ ಬೇರೆ: ಇವತ್ತು ಥರ್ಮಲ್ (ಬಿಸಿಯಾದ ನೆಲದಿಂದ ಮೇಲೇಳುವ ಗಾಳಿ) ಎಷ್ಟು ಗಂಟೆಗೆ ಶುರುವಾಗುತ್ತದೆ, ಎಷ್ಟು ಎತ್ತರದವರೆಗೆ ಏರುತ್ತದೆ, ಮೋಡ ಕಟ್ಟುತ್ತದೋ ಇಲ್ಲವೋ. ಈ ಲೆಕ್ಕವನ್ನು ಓದುಗನ ಕೈಯಲ್ಲೇ ಮಾಡಿಸದ ಪುಸ್ತಕ ಎಷ್ಟೇ ಚೆಂದದ ಮೋಡದ ಫೋಟೋ ಹಾಕಿದ್ದರೂ ನಮ್ಮ ಕೆಲಸಕ್ಕೆ ಬರುವುದಿಲ್ಲ.

ಪುಸ್ತಕ ಕೈಗೆ ಬಂದರೆ ಹಿಂದಿನ ಪದಸೂಚಿಯಲ್ಲಿ ಡ್ಯೂ ಪಾಯಿಂಟ್ (ಗಾಳಿ ತಣ್ಣಗಾದಾಗ ಅದರ ಆವಿ ಹನಿಗಟ್ಟಲು ಶುರುವಾಗುವ ತಾಪಮಾನ) ಹುಡುಕಿ, ಆ ಪುಟ ತೆರೆಯಿರಿ. ಮೋಡದ ತಳದ ಸೂತ್ರ ಎಲ್ಲ ಪುಸ್ತಕದಲ್ಲೂ ಇರುತ್ತದೆ: ನೆಲದ ತಾಪಮಾನದಿಂದ ಡ್ಯೂ ಪಾಯಿಂಟ್ ಕಳೆಯಿರಿ, 125ರಿಂದ ಗುಣಿಸಿ, ಮೀಟರ್‌ನಲ್ಲಿ ಎತ್ತರ ಬಂತು. ಅಡಿಯಲ್ಲಾದರೆ 400. ಆ 125 ಯಾಕೆ ಅನ್ನುವುದು ಅಲ್ಲೇ ಬಿಡಿಸಿದ್ದರೆ ಪುಸ್ತಕ ತೆಗೆದುಕೊಳ್ಳಿ.

125 ಯಾಕೆ, 100 ಯಾಕಲ್ಲ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ. ಮೇಲೇರುವ ಒಣ ಗಾಳಿ ಕಿಲೋಮೀಟರಿಗೆ 9.8 ಡಿಗ್ರಿ ತಣ್ಣಗಾಗುತ್ತದೆ. ನೆಲದಲ್ಲಿ ತಾಪಮಾನ 32, ಡ್ಯೂ ಪಾಯಿಂಟ್ 14, ಅಂತರ 18 ಡಿಗ್ರಿ ಅಂದುಕೊಳ್ಳಿ. 18ನ್ನು 9.8ರಿಂದ ಭಾಗಿಸಿದರೆ ಸುಮಾರು 1840 ಮೀಟರ್. ಸೂತ್ರದ ಪ್ರಕಾರ 18 × 125, ಅಂದರೆ 2250 ಮೀಟರ್. ನಾನೂರು ಮೀಟರ್ ವ್ಯತ್ಯಾಸ ಎಲ್ಲಿಂದ ಬಂತು?

ಮೊದಲ ಲೆಕ್ಕದಲ್ಲಿ ಡ್ಯೂ ಪಾಯಿಂಟ್ 14ರಲ್ಲೇ ನಿಂತಿರುತ್ತದೆ ಅಂತ ಹಿಡಿದಿದ್ದೇವೆ. ನಿಜಕ್ಕೂ ಗಾಳಿ ಏರುತ್ತ ಹೋದಂತೆ ಅದರ ಡ್ಯೂ ಪಾಯಿಂಟ್ ಕೂಡ ಇಳಿಯುತ್ತದೆ. ಒಂದು ಕಿಲೋ ಗಾಳಿಯಲ್ಲಿರುವ ಆವಿಯ ಗ್ರಾಂ ಬದಲಾಗಿಲ್ಲ, ಮತ್ತೆ ಯಾಕೆ ಇಳಿಯಬೇಕು? ಒತ್ತಡ ಕಡಿಮೆಯಾಗುವುದರಿಂದ. ಒಂದು ಕಿಲೋಮೀಟರ್ ಏರಿದರೆ ಗಾಳಿಯ ಒತ್ತಡ ಸುಮಾರು ಶೇ. 11 ಕುಸಿಯುತ್ತದೆ, ಅದರೊಳಗಿನ ಆವಿಯ ಪಾಲಿನ ಒತ್ತಡವೂ ಅಷ್ಟೇ ಪ್ರಮಾಣದಲ್ಲಿ ಕುಸಿಯುತ್ತದೆ. ಇನ್ನೊಂದು ಕಡೆ, ಗಾಳಿ ಆವಿಯಿಂದ ತುಂಬಿಹೋಗುವ ಒತ್ತಡ ಒಂದೊಂದು ಡಿಗ್ರಿಗೆ ಶೇ. 6ರಿಂದ 6.5ರಷ್ಟು ಬದಲಾಗುತ್ತದೆ. ಶೇ. 11ರ ಕುಸಿತವನ್ನು ಡಿಗ್ರಿಗೆ ಪರಿವರ್ತಿಸಿದರೆ ಸುಮಾರು 1.8. ಅಂದರೆ ತಾಪಮಾನ ಕಿಲೋಮೀಟರಿಗೆ 9.8 ಡಿಗ್ರಿ ಇಳಿಯುತ್ತ ಡ್ಯೂ ಪಾಯಿಂಟನ್ನು ಬೆನ್ನಟ್ಟುತ್ತಿದೆ, ಡ್ಯೂ ಪಾಯಿಂಟ್ 1.8 ಡಿಗ್ರಿ ಇಳಿಯುತ್ತ ಮುಂದೆ ಓಡುತ್ತಿದೆ. ಎರಡರ ನಡುವಿನ ಅಂತರ ಮುಚ್ಚಿಕೊಳ್ಳುವ ವೇಗ ಕಿಲೋಮೀಟರಿಗೆ 8 ಡಿಗ್ರಿ ಮಾತ್ರ. 1000ವನ್ನು 8ರಿಂದ ಭಾಗಿಸಿದರೆ 125.

ಎತ್ತರಕ್ಕೆ ತಕ್ಕಂತೆ ತಾಪಮಾನ, ಡ್ಯೂ ಪಾಯಿಂಟ್ ಗುರುತಿಸುವ ಚಾರ್ಟಿನ ಮೇಲೂ ಇದೇ ತಪ್ಪು ಇನ್ನೊಂದು ವೇಷದಲ್ಲಿ ಬರುತ್ತದೆ. ನೆಲದ ಡ್ಯೂ ಪಾಯಿಂಟ್‌ನಿಂದ ಮೇಲಕ್ಕೆ ಹೋಗುವಾಗ ಮಿಕ್ಸಿಂಗ್ ರೇಷಿಯೋ (ಒಂದು ಕಿಲೋ ಗಾಳಿಗೆ ಎಷ್ಟು ಗ್ರಾಂ ಆವಿ ಅನ್ನುವುದು) ಗೆರೆ ಹಿಡಿಯಬೇಕು. ಅದು ಸಾಮಾನ್ಯವಾಗಿ ತುಂಡು ತುಂಡು ಗೆರೆ. ಪಕ್ಕದಲ್ಲೇ ಅದೇ ದಿಕ್ಕಿಗೆ, ಬಲಕ್ಕೆ ವಾಲಿಕೊಂಡು, ಸಮತಾಪದ (ಒಂದೇ ತಾಪಮಾನದ) ಗೆರೆಯೂ ಇರುತ್ತದೆ. ಕಣ್ಣು ತಪ್ಪಿ ಅದನ್ನು ಹಿಡಿದರೆ ಡ್ಯೂ ಪಾಯಿಂಟ್ ಬದಲಾಗದು ಅಂದ ಹಾಗಾಯಿತು. ಮೋಡದ ತಳ ಆ 1840 ಮೀಟರಿಗೇ ಬಂದು ಕೂರುತ್ತದೆ. ಗುರುತು ಸುಲಭ: ಎರಡರಲ್ಲಿ ಹೆಚ್ಚು ನೆಟ್ಟಗೆ ನಿಂತಿರುವುದು ಮಿಕ್ಸಿಂಗ್ ರೇಷಿಯೋ ಗೆರೆ.

ಈ ಚಾರ್ಟು ಬ್ರಿಟಿಷ್ ಪುಸ್ತಕಗಳಲ್ಲಿ ಟೆಫಿಗ್ರಾಂ, ಅಮೆರಿಕದವುಗಳಲ್ಲಿ ಸ್ಕ್ಯೂ-ಟಿ. ಟೆಫಿಗ್ರಾಂನಲ್ಲಿ ಸಮತಾಪ ಗೆರೆ ಮತ್ತು ಡ್ರೈ ಅಡಿಯಬ್ಯಾಟ್ (ಒಣ ಗಾಳಿ ಏರುತ್ತ ತಣ್ಣಗಾಗುವ ಗೆರೆ) ಲಂಬಕೋನದಲ್ಲಿ ಕತ್ತರಿಸುತ್ತವೆ, ಸ್ಕ್ಯೂ-ಟಿಯಲ್ಲಿ ಡ್ರೈ ಅಡಿಯಬ್ಯಾಟ್ ಸ್ವಲ್ಪ ಬಾಗಿರುತ್ತದೆ. ಉಪಯೋಗಿಸುವ ಕ್ರಮ ಒಂದೇ. ಇದಕ್ಕೆ ಹೆದರಿ ಪುಸ್ತಕ ಬಿಡಬೇಕಾಗಿಲ್ಲ.

ಟ್ರಿಗರ್ ತಾಪಮಾನ

ಬೆಂಗಳೂರಿನ ಬಲೂನ್ ಸೌಂಡಿಂಗ್ (ಬಲೂನ್ ಹಾರಿಸಿ ಮೇಲಿನ ಗಾಳಿಯನ್ನು ಅಳೆದದ್ದು) ವ್ಯೋಮಿಂಗ್ ವಿಶ್ವವಿದ್ಯಾಲಯದ ತಾಣದಲ್ಲಿ 43295 ಎಂಬ ಸಂಖ್ಯೆಯಡಿ ಸಿಗುತ್ತದೆ. ನಮಗೆ ಬೇಕಾದದ್ದು 00 ಯುಟಿಸಿ, ಅಂದರೆ ಬೆಳಿಗ್ಗೆ 5:30ರದು. ಅಭ್ಯಾಸಕ್ಕೆ ಈ ಅಂಕಿ ಇಟ್ಟುಕೊಳ್ಳಿ: ನೆಲದಲ್ಲಿ 20 ಡಿಗ್ರಿ, 500 ಮೀಟರ್ ಮೇಲೆ 21 (ರಾತ್ರಿಯ ಇನ್ವರ್ಷನ್, ಅಂದರೆ ಮೇಲೆ ಹೋದಂತೆ ಬಿಸಿಯಾಗುವ ಪದರ), 1000 ಮೀಟರ್ ಮೇಲೆ 18.5, 2000 ಮೀಟರ್ ಮೇಲೆ 12, 2250 ಮೀಟರ್ ಮೇಲೆ 10.5. ಪ್ರತಿ ಎತ್ತರದಿಂದಲೂ ಡ್ರೈ ಅಡಿಯಬ್ಯಾಟ್ ಹಿಡಿದು ನೆಲಕ್ಕೆ ಇಳಿದರೆ ಆ ಎತ್ತರ ಮುಟ್ಟಲು ನೆಲದ ತಾಪಮಾನ ಎಷ್ಟಕ್ಕೆ ಏರಬೇಕು ಅಂತ ಸಿಗುತ್ತದೆ. ಅದೇ ಟ್ರಿಗರ್ ತಾಪಮಾನ. 500 ಮೀಟರಿಗೆ 25.9, 1000ಕ್ಕೆ 28.3, 2000ಕ್ಕೆ 31.6, 2250ಕ್ಕೆ 32.6.

ಈಗ ಮೇಲಿನ 32/14ರ ಲೆಕ್ಕ ಇದರ ಪಕ್ಕದಲ್ಲಿಡಿ. ಮೋಡದ ತಳ 2250 ಅಂತ ಸೂತ್ರ ಹೇಳುತ್ತದೆ, ಆದರೆ 32 ಡಿಗ್ರಿಯಲ್ಲಿ ಥರ್ಮಲ್ 2100ರ ಸುಮಾರಿಗೇ ನಿಲ್ಲುತ್ತದೆ. ಮೋಡ ಕಟ್ಟುವುದಿಲ್ಲ, ಗ್ಲೈಡರ್‌ನವರು ಹೇಳುವ ಬ್ಲೂ ದಿನ. ತಾಪಮಾನ 33ಕ್ಕೆ ಏರಿದರೆ ತಳವೂ 2375ಕ್ಕೆ ಸರಿಯುತ್ತದೆ, ಹಾಗಾಗಿ ಟ್ರಿಗರ್ ಲೆಕ್ಕವನ್ನು ಆ ಹೊಸ ಎತ್ತರಕ್ಕೆ ಮತ್ತೆ ಮಾಡಬೇಕು. ಸೂತ್ರ ಹೇಳುವುದು ಮೋಡ ಆದರೆ ಎಲ್ಲಿ ಅಂತ, ಆಗುತ್ತದೆ ಅಂತಲ್ಲ.

ಎರಡು ಎಚ್ಚರಿಕೆ. ಸೂತ್ರದ ಎತ್ತರ ನೆಲದಿಂದ, ಚಾರ್ಟಿನ ಎತ್ತರ ಸಮುದ್ರಮಟ್ಟದಿಂದ. ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ, ಆದ್ದರಿಂದ 2250 ಅಂದರೆ ಚಾರ್ಟಿನಲ್ಲಿ 3170. ಇಂಗ್ಲೆಂಡಿನ ತಗ್ಗು ಏರ್‌ಫೀಲ್ಡ್ ಮನಸ್ಸಲ್ಲಿಟ್ಟು ಬರೆದ ಪುಸ್ತಕಗಳು ಇದನ್ನು ಒತ್ತಿ ಹೇಳುವುದಿಲ್ಲ. ಇನ್ನೊಂದು, ಬೆಳಗಿನ ಡ್ಯೂ ಪಾಯಿಂಟನ್ನು ಮಧ್ಯಾಹ್ನಕ್ಕೆ ಹಾಗೇ ಹಾಕಬೇಡಿ. ಥರ್ಮಲ್‌ಗಳು ಮೇಲಿನ ಒಣ ಗಾಳಿಯನ್ನು ಕೆಳಕ್ಕೆ ಕಲೆಸುತ್ತವೆ, ಡ್ಯೂ ಪಾಯಿಂಟ್ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ, ತಳ ಲೆಕ್ಕಕ್ಕಿಂತ ಮೇಲೆ ಹೋಗುತ್ತದೆ. ಕೆಳಗಿನ ಪದರದ ಸರಾಸರಿ ಮಿಕ್ಸಿಂಗ್ ರೇಷಿಯೋ ತೆಗೆದುಕೊಂಡರೆ ಈ ತಪ್ಪು ಬಹಳಷ್ಟು ಕಡಿಮೆ.

ಯಾವ ಪುಸ್ತಕ

ದುಡ್ಡು ಕೊಡದೆ ಶುರುಮಾಡಬಹುದು. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಪ್ರಕಟಿಸಿದ ಗ್ಲೈಡರ್ ಫ್ಲೈಯಿಂಗ್ ಹ್ಯಾಂಡ್‌ಬುಕ್ ಪಿಡಿಎಫ್ ಆಗಿ ಉಚಿತ. ಸೋರಿಂಗ್ (ಏರುವ ಗಾಳಿಯ ಬಲದಲ್ಲೇ ಹಾರುವುದು) ಹವಾಮಾನಕ್ಕೆ ಅದರಲ್ಲಿ ಪೂರ್ತಿ ಅಧ್ಯಾಯವಿದೆ, ಥರ್ಮಲ್ ಬಲವನ್ನು ಅಂದಾಜಿಸುವ ಥರ್ಮಲ್ ಇಂಡೆಕ್ಸ್ ಕೂಡ ಅಲ್ಲೇ. ಅದು ಮುಗಿದ ಮೇಲೆ ಟಾಮ್ ಬ್ರಾಡ್‌ಬರಿಯ ‘ಮೀಟಿಯೊರಾಲಜಿ ಅಂಡ್ ಫ್ಲೈಟ್’. ಹವಾಮಾನ ತಜ್ಞರೂ ಗ್ಲೈಡರ್ ಪೈಲಟ್ಟೂ ಆಗಿದ್ದವರು ಬರೆದದ್ದು, ಹಾಗಾಗಿ ಯಾವ ವಿವರ ಕಾಕ್‌ಪಿಟ್‌ನಲ್ಲಿ ಉಪಯೋಗಕ್ಕೆ ಬರುತ್ತದೆ ಅನ್ನುವ ಅಂದಾಜು ಅವರಿಗಿದೆ. ಒಂದೇ ಕೊಳ್ಳುವುದಾದರೆ ನನ್ನ ಮತ ಇದಕ್ಕೆ.

ವಾಲಿಂಗ್ಟನ್‌ನ ‘ಮೀಟಿಯೊರಾಲಜಿ ಫಾರ್ ಗ್ಲೈಡರ್ ಪೈಲಟ್ಸ್’ 1961ರದು, ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕಬೇಕು. ಮುನ್ಸೂಚನೆ ಪಡೆಯುವ ವಿಧಾನದ ಪುಟಗಳು ಹಳತಾಗಿವೆ, ಬಿಟ್ಟು ಮುಂದೆ ಹೋಗಿ. ವೇವ್ (ಬೆಟ್ಟದ ಹಿಂದೆ ಏಳುವ ಗಾಳಿಯ ಅಲೆ) ಮತ್ತು ಸೀ-ಬ್ರೀಜ್ (ಕಡಲ ಗಾಳಿ) ಭೌತಶಾಸ್ತ್ರ ಹಳತಾಗುವಂಥದ್ದಲ್ಲ. ಡೆನ್ನಿಸ್ ಪೇಗನ್‌ನ ‘ಅಂಡರ್‌ಸ್ಟ್ಯಾಂಡಿಂಗ್ ದಿ ಸ್ಕೈ’ ಹ್ಯಾಂಗ್‌ಗ್ಲೈಡರ್, ಪ್ಯಾರಾಗ್ಲೈಡರ್‌ನವರಿಗೂ ಸೇರಿಸಿ ಬರೆದದ್ದು. ರಿಜ್ (ಗುಡ್ಡದ ಸಾಲಿಗೆ ಬಡಿದು ಏರುವ ಗಾಳಿ), ರೋಟರ್ (ಬೆಟ್ಟದ ಹಿಂದೆ ಸುರುಳಿ ಸುತ್ತುವ ಗಾಳಿ), ಕಣಿವೆ ಗಾಳಿ ಚಿತ್ರದಲ್ಲಿ ನೋಡಿ ಕಲಿಯಬೇಕಾದವರಿಗೆ. ಗಣಿತ ಬೇಕೆಂದವರಿಗೆ ವಿಶ್ವ ಹವಾಮಾನ ಸಂಸ್ಥೆಯ ಟೆಕ್ನಿಕಲ್ ನೋಟ್ 203 ಇದೆ, ಮೊದಲ ಪುಸ್ತಕವಾಗಿ ಮಾತ್ರ ಬೇಡ.

ಇವುಗಳಲ್ಲಿ ಮಧ್ಯ ಅಕ್ಷಾಂಶದ ಆಕಾಶವೇ ಹೆಚ್ಚು. ಕೋಲ್ಡ್ ಫ್ರಂಟ್ (ನುಗ್ಗಿ ಬರುವ ತಣ್ಣನೆ ಗಾಳಿಯ ಮುಂಚೂಣಿ) ದಾಟಿದ ಮರುದಿನ ಒಳ್ಳೆಯ ದಿನ ಅನ್ನುವ ಪಾಠ ಇಂಗ್ಲೆಂಡಿಗೆ, ಜರ್ಮನಿಗೆ ಸರಿ. ಕರ್ನಾಟಕದಲ್ಲಿ ಕಾಯಬೇಕಾದದ್ದು ಮುಂಗಾರಿಗೆ ಮುಂಚಿನ ಒಣ ತಿಂಗಳುಗಳನ್ನು. ಗುಡುಗುಮೋಡದ ಅಧ್ಯಾಯದಲ್ಲಿ ಟ್ರೋಪೋಪಾಸ್ (ಮೋಡ ಬೆಳೆಯುವ ಪದರದ ಮೇಲಿನ ಗಡಿ) 11 ಕಿಲೋಮೀಟರ್ ಅಂತಿದ್ದರೆ ನಮ್ಮಲ್ಲಿ ಅದು 16-17 ಅಂತ ತಿದ್ದಿಕೊಳ್ಳಿ. ಏಪ್ರಿಲ್ ಸಂಜೆಯ ಮೋಡ ಪುಸ್ತಕದ ಚಿತ್ರಕ್ಕಿಂತ ಬಹಳ ಮೇಲಕ್ಕೆ ಬೆಳೆಯುತ್ತದೆ. ಆಸ್ಟ್ರೇಲಿಯದ ಪುಸ್ತಕವಾದರೆ ಲೋ ಪ್ರೆಷರ್ ಸುತ್ತ ಗಾಳಿ ತಿರುಗುವ ದಿಕ್ಕು ನಮಗೆ ಉಲ್ಟಾ.

ಹಳೆಯ ಅಮೆರಿಕನ್ ಪುಸ್ತಕದಲ್ಲಿ ಅಂತರವನ್ನು 4.4ರಿಂದ ಭಾಗಿಸಿ ಅಂತಿದ್ದರೆ ಅದು ಫ್ಯಾರನ್‌ಹೀಟ್, ಉತ್ತರ ಸಾವಿರ ಅಡಿಗಳಲ್ಲಿ. 8ನ್ನು 1.8ರಿಂದ ಗುಣಿಸಿ 3.28ರಿಂದ ಭಾಗಿಸಿ ನೋಡಿ, ಅದೇ 4.4.