ಘಟ್ಟ ಹತ್ತುವವರಿಗೆ ಮಾಮೂಲಿ ಐ20 ಸಾಕಾ, ಎನ್ ಲೈನೇ ಬೇಕಾ?

ಪ್ರಶ್ನೆ: ನಮಸ್ಕಾರ. ನಮ್ಮನೆ ಶಿರಸಿ, ಕೆಲಸ ಕುಮಟಾದಲ್ಲಿ. ಪ್ರತಿ ಶನಿವಾರ ಘಟ್ಟ ಹತ್ತಿ ಮನೆಗೆ ಬರ್ತೇನೆ, ಸೋಮವಾರ ಬೆಳಿಗ್ಗೆ ಇಳಿತೇನೆ. ಅಪ್ಪಯ್ಯನಿಗೆ ಬೆನ್ನು ನೋವು. ತಿಂಗಳಿಗೊಮ್ಮೆ ಅವರನ್ನೂ ಆಯಿಯನ್ನೂ ಮಣಿಪಾಲಕ್ಕೆ ಕರ್ಕೊಂಡು ಹೋಗಬೇಕು. ನನಗೆ ಡ್ರೈವಿಂಗ್ ಅಂದ್ರೆ ತುಂಬಾ ಖುಷಿ. ಹ್ಯುಂಡೈ ಐ20 ನೋಡಿದೆ. ಅದರದ್ದೇ ಚುರುಕು ಮಾದರಿ ಎನ್ ಲೈನನ್ನೂ ನೋಡಿದೆ. ಮಾಮೂಲಿ ಐ20ರ ಮೇಲಿನ ಟ್ರಿಮ್‌ಗೂ (ಸೌಲಭ್ಯ ಜಾಸ್ತಿ ಇರುವ ದರ್ಜೆ) ಎನ್ ಲೈನ್‌ನ ಕೆಳಗಿನ ಟ್ರಿಮ್‌ಗೂ ಬೆಲೆಯಲ್ಲಿ ಅಂಥಾ ವ್ಯತ್ಯಾಸ ಇಲ್ಲ. ಯಾವುದು ತಗೊಳ್ಳಲಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಎನ್ ಲೈನ್. ಅದರಲ್ಲೂ ಕೆಳಗಿನ ಎನ್6, ಮ್ಯಾನುವಲ್ ಗೇರ್. ಆದರೆ ಒಂದು ಷರತ್ತು ಇದೆ, ಅದು ಅಪ್ಪಯ್ಯನ ಬೆನ್ನಿನದ್ದು. ಅದಕ್ಕೆ ಕೊನೆಗೆ ಬರುತ್ತೇನೆ.

ಇದೇ ಪ್ರಶ್ನೆಯನ್ನು ಕಾರವಾರ ಪೇಟೆಯಲ್ಲೇ ಓಡಾಡುವವರು ಕೇಳಿದ್ದರೆ ಮಾಮೂಲಿ ಐ20 ಸಾಕು ಅನ್ನುತ್ತಿದ್ದೆ. ಕೋಡಿಬಾಗದಿಂದ ಬಸ್ ಸ್ಟ್ಯಾಂಡು, ಆಗಾಗ ಹೆದ್ದಾರಿಯಲ್ಲಿ ಅಂಕೋಲೆ, ವರ್ಷಕ್ಕೆ ಎರಡು ಸಲ ಹುಬ್ಬಳ್ಳಿ. ಅಷ್ಟಕ್ಕೆ ಎನ್ ಲೈನ್‌ನ ಟರ್ಬೋ ಎಂಜಿನ್ನಿಗೆ (ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಎಂಜಿನ್) ಜಾಸ್ತಿ ದುಡ್ಡು ಕೊಡುವ ಅಗತ್ಯ ಇಲ್ಲ. ನಿಮ್ಮ ಲೆಕ್ಕ ಬೇರೆ. ನೀವು ವಾರ ವಾರ ದೇವಿಮನೆ ಘಟ್ಟ ಹತ್ತುವವರು.

ಎರಡು ಎಂಜಿನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಮಾಮೂಲಿ ಐ20ಗೆ 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಮ್ಯಾನುವಲ್‌ನಲ್ಲಿ 83 ಪಿಎಸ್ ಶಕ್ತಿ, ಸುಮಾರು 115 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆತ. ಎನ್ ಲೈನ್‌ಗೆ 1 ಲೀಟರಿನ ಮೂರು ಸಿಲಿಂಡರ್ ಟರ್ಬೋ. 120 ಪಿಎಸ್, 172 ನ್ಯೂಟನ್ ಮೀಟರ್. ಶೋರೂಮಿನಲ್ಲಿ ಎಲ್ಲರೂ 83 ಮತ್ತು 120ನ್ನೇ ಹೋಲಿಸುತ್ತಾರೆ. ಘಟ್ಟದವರು ನೋಡಬೇಕಾದ್ದು ಇನ್ನೊಂದು ಸಾಲು. ಆ ಟಾರ್ಕ್ ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಸಿಗುತ್ತದೆ ಅನ್ನುವುದು. ಮಾಮೂಲಿ ಎಂಜಿನ್ನಿನಲ್ಲಿ ಪೂರ್ತಿ ಎಳೆತ ಸಿಗುವುದು 4200 ಆರ್‌ಪಿಎಂಗೆ. ಟರ್ಬೋದಲ್ಲಿ 1500ಕ್ಕೇ ಸಿಗುತ್ತದೆ, 4000ದವರೆಗೂ ಹಾಗೇ ಇರುತ್ತದೆ.

ಇದರ ಅರ್ಥ ಕತಗಾಲ ದಾಟಿ ಮೇಲೆ ಹತ್ತುವಾಗ ಗೊತ್ತಾಗುತ್ತದೆ. ಕುಮಟಾ ಸಮುದ್ರದ ಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಆ ಎತ್ತರದ ದೊಡ್ಡ ಪಾಲನ್ನು ಘಟ್ಟದ ಕೆಲವೇ ಕಿಲೋಮೀಟರ್‌ಗಳಲ್ಲಿ ಹತ್ತಬೇಕು. ಗಾಡಿಯಲ್ಲಿ ನಾಲ್ಕು ಜನ, ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ, ಎಸಿ ಬೇರೆ. ಮುಂದೆ ಲಾರಿ. ತಿರುವಿಗೆ ಬಂದಾಗ ಎರಡನೇ ಗೇರು, ಎಂಜಿನ್ 2000 ಆರ್‌ಪಿಎಂ ಆಸುಪಾಸು. ಮಾಮೂಲಿ ಎಂಜಿನ್ನಿಗೆ ಅಲ್ಲಿ ದಮ್ಮಿಲ್ಲ. ಗೇರ್ ಇಳಿಸಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಬೇಕು, ಎಂಜಿನ್ ಕೂಗಬೇಕು, ಆಮೇಲೆ ಗಾಡಿ ಎಳೆಯುತ್ತದೆ. ಟರ್ಬೋದಲ್ಲಿ ಅದೇ 2000ದಲ್ಲಿ ಪೂರ್ತಿ ಎಳೆತ ಆಗಲೇ ಬಂದಿರುತ್ತದೆ.

ಇದನ್ನು ನಾನು ಕಾಗದದ ಮೇಲೆ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ 1.2 ಲೀಟರ್ ಕಾರಿನಲ್ಲಿ ಅರಬೈಲ್ ಘಟ್ಟ ಹತ್ತುತ್ತಿದ್ದೆ. ಯಲ್ಲಾಪುರದಲ್ಲಿ ಮದುವೆ. ಐದು ಜನ, ಮೇಲೆ ಸಾಮಾನು. ಮುಂದೆ ಲೋಡ್ ತುಂಬಿದ ಲಾರಿ ಆಮೆಯ ಹಾಗೆ ಹೋಗುತ್ತಿತ್ತು. ಸ್ವಲ್ಪ ನೇರ ರಸ್ತೆ ಕಂಡಿತು, ಬಲಕ್ಕೆ ತೆಗೆದೆ. ಮೂರನೇ ಗೇರಿನಲ್ಲಿದ್ದೆ. ಗಾಡಿ ಎಳೆಯಲೇ ಇಲ್ಲ. ಎರಡಕ್ಕೆ ಇಳಿಸುವಷ್ಟರಲ್ಲಿ ಎದುರಿನ ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತು. ಬ್ರೇಕ್ ಹಾಕಿ ಲಾರಿಯ ಹಿಂದಕ್ಕೆ ಸೇರಿಕೊಂಡೆ. ಹಿಂದೆ ಕೂತ ಅತ್ತೆ ಯಲ್ಲಾಪುರ ಬರುವವರೆಗೆ ಮಾತಾಡಲಿಲ್ಲ. ತಪ್ಪು ನನ್ನದೇ, ಗೇರ್ ಮೊದಲೇ ಇಳಿಸಬೇಕಿತ್ತು. ಆದರೆ ಅವತ್ತಿನಿಂದ ನನಗೆ ಎಳೆತ ಅಂದರೆ ಮೋಜಿಗಿಂತ ಜಾಸ್ತಿ, ಅದು ಲಾರಿಯ ಪಕ್ಕ ಕಳೆಯುವ ಸೆಕೆಂಡುಗಳ ಲೆಕ್ಕ. ಆ ಸೆಕೆಂಡು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಟರ್ಬೋಗೂ ಒಂದು ಕೊರತೆ ಇದೆ. 1500 ಆರ್‌ಪಿಎಂ ಕೆಳಗೆ ಅದು ಬರೀ ಒಂದು ಲೀಟರಿನ ಚಿಕ್ಕ ಎಂಜಿನ್. ಹಿಮ್ಮುರಿ ತಿರುವಿನಲ್ಲಿ ತೀರಾ ನಿಧಾನವಾಗಿ ಎರಡನೇ ಗೇರಿನಲ್ಲೇ ತಿರುಗಿಸಿದರೆ ಒಂದು ಕ್ಷಣ ಸತ್ತ ಹಾಗಿರುತ್ತದೆ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಮಳೆಗಾಲದಲ್ಲಿ ಆ ನುಗ್ಗುವಿಕೆಗೆ ಒಳಬದಿಯ ಮುಂದಿನ ಚಕ್ರ ಜಾರುವುದೂ ಉಂಟು. ಅಂಥ ತಿರುವಿಗೆ ಮೊದಲೇ ಒಂದನೇ ಗೇರಿಗೆ ಇಳಿಸಿ, ಮೆತ್ತಗೆ ಒತ್ತಿ. ಎರಡು ವಾರದಲ್ಲಿ ಕಾಲಿಗೆ ಅಭ್ಯಾಸ ಆಗುತ್ತದೆ.

ಇಳಿಯುವಾಗ ಇನ್ನೊಂದು ಮಾತು. ಗೇರಿನಲ್ಲೇ ಗಾಡಿಯನ್ನು ಹಿಡಿದಿಡುವ ಶಕ್ತಿ ಚಿಕ್ಕ ಎಂಜಿನ್ನಿಗೆ ತುಸು ಕಡಿಮೆ. ಹಾಗಾಗಿ ಮೂರನೇ ಗೇರಿನಲ್ಲಿ ಬ್ರೇಕ್ ತುಳಿಯುತ್ತಾ ಇಳಿಯಬೇಡಿ, ಎರಡರಲ್ಲಿ ಇಳಿಯಿರಿ. ಎನ್ ಲೈನ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ, ಮಾಮೂಲಿ ಐ20ಗೆ ಹಿಂದೆ ಡ್ರಮ್. ಸಾಮಾನ್ಯ ಓಡಾಟದಲ್ಲಿ ಇದರ ವ್ಯತ್ಯಾಸ ನಿಮಗೆ ತಿಳಿಯುವುದೇ ಇಲ್ಲ, ಯಾಕೆಂದರೆ ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದು. ಉದ್ದದ ಇಳಿಜಾರಿನಲ್ಲಿ ಬಿಸಿಯಾದಾಗ ಡಿಸ್ಕ್ ಬೇಗ ಆರುತ್ತದೆ, ಅಷ್ಟು ಲಾಭ.

ಗೇರ್ ಬಾಕ್ಸ್ ಮ್ಯಾನುವಲ್ಲೇ ಯಾಕೆ? ಎನ್ ಲೈನ್ 2021ರಲ್ಲಿ ಬಂದಾಗ ಅದರಲ್ಲಿ ಕ್ಲಚ್ ಪೆಡಲ್ ಇಲ್ಲದ ಐಎಂಟಿ ಇತ್ತು. 2023ರಲ್ಲಿ ಅದನ್ನು ತೆಗೆದು ಸರಿಯಾದ 6 ಗೇರಿನ ಮ್ಯಾನುವಲ್ ಕೊಟ್ಟರು. ಡ್ರೈವಿಂಗ್ ಖುಷಿ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ಇನ್ನೊಂದು 7 ಗೇರಿನ ಡಿಸಿಟಿ, ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್. ತುಂಬಾ ಚುರುಕು, ಹೆದ್ದಾರಿಯಲ್ಲಿ ಆರಾಮ. ಆದರೆ ಅದರ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರುವಂಥವಲ್ಲ, ಒಣ ಕ್ಲಚ್. ಘಟ್ಟದಲ್ಲಿ ಲಾರಿ ಕೆಟ್ಟು ನಿಂತು, ಏರಿನಲ್ಲಿ ಇಂಚಿಂಚು ಸರಿಯುವಾಗ ಅವು ಬಿಸಿಯಾಗುತ್ತವೆ. ಡಿಸಿಟಿಯೇ ಬೇಕು ಅಂದರೆ ತಗೊಳ್ಳಿ, ಆದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳಬೇಡಿ. ಬ್ರೇಕ್ ಹಿಡಿದು ನಿಲ್ಲಿ, ಮುಂದೆ ಹತ್ತು ಮೀಟರ್ ಜಾಗ ಆದ ಮೇಲೆ ಒಮ್ಮೆಲೇ ಹೋಗಿ.

ಈಗ ನೀವು ಕೇಳಿದ ಮುಖ್ಯ ವಿಷಯ, ಮಾಮೂಲಿ ಐ20ರ ಮೇಲಿನ ಟ್ರಿಮ್ಮಾ, ಎನ್ ಲೈನ್‌ನ ಕೆಳಗಿನ ಟ್ರಿಮ್ಮಾ. ನಾನು ಯಾವಾಗಲೂ ಎಂಜಿನ್ನಿಗೇ ದುಡ್ಡು ಹಾಕಿ ಅನ್ನುತ್ತೇನೆ. ಮೇಲಿನ ಟ್ರಿಮ್‌ನಲ್ಲಿ ಏನು ಸಿಗುತ್ತದೆ? ಒಳ್ಳೆಯ ಸ್ಪೀಕರ್, ದೊಡ್ಡ ಪರದೆ, ಹೆಚ್ಚಿನ ದೀಪ, ಅಲಂಕಾರ. ಕ್ಯಾಮೆರಾ, ಸ್ಪೀಕರ್, ಸೀಟ್ ಕವರ್ ಎಲ್ಲ ಆಮೇಲೆ ಹಾಕಿಸಬಹುದು. ಎಂಜಿನ್, ಹಿಂದಿನ ಡಿಸ್ಕ್, ಬಿಗಿಯಾದ ಸಸ್ಪೆನ್ಶನ್ ಆಮೇಲೆ ಬರುವುದಿಲ್ಲ. ಸುರಕ್ಷತೆಯಲ್ಲಿ ನೀವು ಏನನ್ನೂ ಬಿಟ್ಟುಕೊಡುತ್ತಿಲ್ಲ. 2023ರಿಂದ ಆರು ಏರ್‌ಬ್ಯಾಗ್, ಜಾರದಂತೆ ಹಿಡಿಯುವ ಇಎಸ್‌ಸಿ, ಏರಿನಲ್ಲಿ ಹಿಂದೆ ಸರಿಯದಂತೆ ನೋಡುವ ಹಿಲ್ ಅಸಿಸ್ಟ್ ಇವೆಲ್ಲ ಎರಡು ಗಾಡಿಗಳ ಎಲ್ಲ ಟ್ರಿಮ್‌ಗಳಲ್ಲೂ ಇವೆ.

ಮಾಮೂಲಿ ಗಾಡಿ ತಗೊಂಡು ಹೊರಗೆ ಟ್ಯೂನ್ ಮಾಡಿಸಿದರೆ ಆಯ್ತಲ್ಲ ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ವಾರಂಟಿ ಹೋಗುತ್ತದೆ, ಅಪಘಾತ ಆದಾಗ ವಿಮೆಯವರು ತಕರಾರು ತೆಗೆಯುತ್ತಾರೆ. ಆರ್‌ಸಿಯಲ್ಲಿ ಇರುವ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದೂ ಇಲ್ಲ.

ಹೆಸರಿನ ಬಗ್ಗೆಯೂ ಗೊಂದಲ ಇದೆ. ಎನ್ ಲೈನ್ ಬೇರೆ, ಎನ್ ಬೇರೆ. ಹ್ಯುಂಡೈನ ನಿಜವಾದ ಎನ್ ಗಾಡಿ, ಅಂದರೆ ಯುರೋಪಿನಲ್ಲಿ ಮಾರಿದ ಐ20 ಎನ್, 1.6 ಲೀಟರ್ ಟರ್ಬೋ ಮತ್ತು 204 ಪಿಎಸ್‌ನದ್ದು. ನಮ್ಮಲ್ಲಿ ಅದು ಬರಲಿಲ್ಲ. ನಮ್ಮದು ಚುರುಕಾದ ಮನೆಯ ಕಾರು. ಅಷ್ಟು ತಿಳಿದು ತಗೊಂಡರೆ ಬೇಸರ ಆಗುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. ಶೋರೂಮಿನವರು ಎಕ್ಸ್ ಶೋರೂಂ ಬೆಲೆ ಹೇಳುತ್ತಾರೆ, ನೀವು ರಸ್ತೆ ತೆರಿಗೆ, ವಿಮೆ ಎಲ್ಲ ಸೇರಿದ ಆನ್‌ರೋಡ್ ಬೆಲೆ ಕೇಳಿ. ಕರ್ನಾಟಕದಲ್ಲಿ ಆಜೀವ ರಸ್ತೆ ತೆರಿಗೆ 5ರಿಂದ 10 ಲಕ್ಷದ ಕಾರಿಗೆ ಶೇಕಡಾ 14, 10ರಿಂದ 20 ಲಕ್ಷದ್ದಕ್ಕೆ 17. ಸೆಸ್ ಬೇರೆ. ಉದಾಹರಣೆಗೆ 9.90 ಲಕ್ಷದ ಗಾಡಿಗೆ ತೆರಿಗೆ 1,38,600 ರೂಪಾಯಿ. 10.40 ಲಕ್ಷದ ಗಾಡಿಗೆ 1,76,800. ಗಾಡಿಯ ಬೆಲೆ ಏರಿದ್ದು 50 ಸಾವಿರ, ತೆರಿಗೆ ಏರಿದ್ದು 38,200. ಎರಡು ಬಣ್ಣದ ಪೇಂಟಿಗೆ ಆಸೆಪಟ್ಟು 10 ಲಕ್ಷದ ಗೆರೆ ದಾಟಿದವರನ್ನು ನೋಡಿದ್ದೇನೆ. ಆ ಗೆರೆಯ ಮೇಲೆ ಕಣ್ಣಿರಲಿ. ಮೇಲಿನ ಟ್ರಿಮ್ ಎನ್8 ಬಿಟ್ಟು ಎನ್6 ಅನ್ನಲು ನನಗೆ ಇದೂ ಒಂದು ಕಾರಣ.

ವಿಮೆಯಲ್ಲಿ ಮಾತ್ರ ಟರ್ಬೋಗೇ ಲಾಭ. ಥರ್ಡ್ ಪಾರ್ಟಿ ಪ್ರೀಮಿಯಂ ನಿಂತಿರುವುದು ಎಂಜಿನ್ನಿನ ಸಿಸಿ ಮೇಲೆ, ಶಕ್ತಿಯ ಮೇಲಲ್ಲ. ಎನ್ ಲೈನ್ 998 ಸಿಸಿ, ಹಾಗಾಗಿ 1000ದ ಒಳಗಿನ ಸಾಲಿಗೆ ಬರುತ್ತದೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ದರ, 2022ರ ಪಟ್ಟಿಯ ಪ್ರಕಾರ ಜಿಎಸ್‌ಟಿ ಬಿಟ್ಟು, 6,521 ರೂಪಾಯಿ. 1197 ಸಿಸಿಯ ಮಾಮೂಲಿ ಐ20ಗೆ 10,640.

ಪೆಟ್ರೋಲ್ ಖರ್ಚು ಕಾಲಿನ ಮೇಲೆ ನಿಂತಿದೆ. ಹೆದ್ದಾರಿಯಲ್ಲಿ 80ರಲ್ಲಿ ಹೋದರೆ ಎರಡೂ ಮಿತವಾಗಿಯೇ ಕುಡಿಯುತ್ತವೆ. ಟರ್ಬೋದಲ್ಲಿ ಪ್ರತಿ ಸಲವೂ ಒತ್ತಿ ಎಳೆಸಿದರೆ ಬೇಗ ಖಾಲಿ.

ಟರ್ಬೋ ನೋಡಿಕೊಳ್ಳುವುದು ಕಷ್ಟ ಏನಲ್ಲ. ಕಂಪನಿ ಹೇಳಿದ ದರ್ಜೆಯ ಎಂಜಿನ್ ಆಯಿಲ್ಲೇ ಹಾಕಿಸಿ, ತಡ ಮಾಡದೆ ಬದಲಿಸಿ. ಇನ್ನೊಂದು ನಮ್ಮ ಕಡೆಯವರಿಗೇ ಮುಖ್ಯ. ಘಟ್ಟ ಹತ್ತಿ ದೇವಿಮನೆಯಲ್ಲಿ ಕೈ ಮುಗಿಯಲು ಗಾಡಿ ನಿಲ್ಲಿಸುತ್ತೀರಿ, ಅಲ್ವಾ? ಕೂಡಲೇ ಎಂಜಿನ್ ಬಂದ್ ಮಾಡಬೇಡಿ. ಒಂದು ನಿಮಿಷ ಸುಮ್ನೆ ಓಡಲಿ. ಹತ್ತುವಾಗ ಟರ್ಬೋ ಕೆಂಡದ ಹಾಗೆ ಕಾದಿರುತ್ತದೆ, ಆಯಿಲ್ ಹರಿಯುತ್ತಿದ್ದರೆ ತಣಿಯುತ್ತದೆ. ಬಂದ್ ಮಾಡಿದರೆ ನಿಂತ ಆಯಿಲ್ ಅಲ್ಲೇ ಸುಟ್ಟು ಕರಟುತ್ತದೆ.

ಟೈರಿನ ವಿಷಯವನ್ನು ಯಾರೂ ಕೇಳುವುದಿಲ್ಲ, ನಾನು ಹೇಳದೆ ಬಿಡುವುದಿಲ್ಲ. ಎನ್ ಲೈನ್‌ಗೆ 16 ಇಂಚಿನ ಅಲಾಯ್, ಟೈರು 195/55. ಅಂದರೆ 195 ಮಿಲಿಮೀಟರ್ ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 55, ಸುಮಾರು 107 ಮಿಲಿಮೀಟರ್. 185/65 ಅಂತ ಬರೆದ 15 ಇಂಚಿನ ಟೈರಿಗೆ ಅದೇ ಗೋಡೆ 120 ಬರುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಯ ಹೊಂಡಗಳಲ್ಲಿ ಆ 13 ಮಿಲಿಮೀಟರ್ ರಬ್ಬರು ಬೆನ್ನನ್ನೂ ರಿಮ್ಮನ್ನೂ ಕಾಯುತ್ತದೆ. ನಮ್ಮ ಕರಾವಳಿಗೆ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಟೈರಿನ ಗೀರಿನ ಆಳ 1.6 ಮಿಲಿಮೀಟರ್ ಇದ್ದರೂ ಕಾನೂನು ಒಪ್ಪುತ್ತದೆ, ನಾನು 3ಕ್ಕೇ ಬದಲಿಸಿ ಅನ್ನುತ್ತೇನೆ, ಅದೂ ಜೂನ್ ಬರುವ ಮೊದಲು. ನೀರು ನಿಂತ ಹೆದ್ದಾರಿಯಲ್ಲಿ ಸವೆದ ಟೈರಿನ ಮೇಲೆ 120 ಪಿಎಸ್ ಇದ್ದರೂ ಒಂದೇ, 83 ಇದ್ದರೂ ಒಂದೇ.

ಫೋಕ್ಸ್‌ವ್ಯಾಗನ್ ಕಂಪನಿಯ ವರ್ಟಸ್ ಕಾರು ನೋಡುತ್ತಿರುವ ಗೆಳೆಯರಿಗೂ ಇಲ್ಲೇ ಒಂದು ಮಾತು. ಅಲ್ಲಿ ಲೆಕ್ಕ ತಿರುಗುತ್ತದೆ. ಅದರ ಕೆಳಗಿನ 1 ಲೀಟರ್ ಎಂಜಿನ್ನೂ ಟರ್ಬೋವೇ, 115 ಪಿಎಸ್, 178 ನ್ಯೂಟನ್ ಮೀಟರ್. ಮೇಲಿನ 1.5 ಲೀಟರಿಗೆ 150 ಪಿಎಸ್, 250 ನ್ಯೂಟನ್ ಮೀಟರ್. ಓಡಿಸಿದರೆ ಮನಸ್ಸು ಸೋಲುವುದು ಖಂಡಿತ. ಆದರೆ ಘಟ್ಟಕ್ಕೆ ಬೇಕಾದ ಎಳೆತ 1 ಲೀಟರಿನಲ್ಲೇ ಇದೆ. ಅಲ್ಲಿ ನಾನು ಕೆಳಗಿನದ್ದನ್ನೇ ತಗೊಳ್ಳುತ್ತೇನೆ.

ಈಗ ಷರತ್ತು. ಎನ್ ಲೈನ್‌ನ ಸಸ್ಪೆನ್ಶನ್ ಮಾಮೂಲಿ ಐ20ಗಿಂತ ಗಟ್ಟಿ. ತಿರುವಿನಲ್ಲಿ ಗಾಡಿ ವಾಲುವುದಿಲ್ಲ, ಸ್ಟೇರಿಂಗಿಗೆ ಒಳ್ಳೆಯ ತೂಕ ಇದೆ, ಓಡಿಸುವವನಿಗೆ ಹಬ್ಬ. ಹಿಂದಿನ ಸೀಟಿನಲ್ಲಿ ಕೂತವರಿಗೆ ಪ್ರತಿ ಹೊಂಡವೂ ಗೊತ್ತಾಗುತ್ತದೆ. ಘಟ್ಟದ ತಿರುವಿನಲ್ಲಿ ವಾಂತಿ ಬರುವವರಿಗೆ ವಾಲದ ಗಾಡಿ ಒಳ್ಳೆಯದೇ, ಆಯಿಗೆ ಅದರಿಂದ ಆರಾಮ ಆದರೂ ಆಗಬಹುದು. ಬೆನ್ನು ನೋವಿನವರಿಗೆ ಮಾತ್ರ ಹೊಂಡದ ಕುಲುಕು ಸಹಿಸುವುದು ಕಷ್ಟ. ಶಿರಸಿಯಿಂದ ಮಣಿಪಾಲ ಅಂದರೆ ಘಟ್ಟ ಇಳಿದು ಹೊನ್ನಾವರ, ಭಟ್ಕಳ, ಕುಂದಾಪುರ ದಾಟಿ ಹೋಗಬೇಕು. ಅವರಿಗೆ ಅದು ಅರ್ಧ ದಿನದ ಕೆಲಸ.

ಶೋರೂಮಿನವರು ಸಾಮಾನ್ಯವಾಗಿ ನುಣುಪಾದ ಸಪಾಟು ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಲು ಕೊಡುತ್ತಾರೆ. ಅದು ಸಾಲದು. ಎರಡೂ ಗಾಡಿ ಒಂದೇ ದಿನ ಬೇಕು ಅನ್ನಿ. ಏರು ಇರುವ, ಸ್ವಲ್ಪ ಹಾಳಾದ ರಸ್ತೆಯನ್ನು ನೀವೇ ಆರಿಸಿ. ಘಟ್ಟದ ದಾರಿಯಲ್ಲಿರುವ ರಾಗಿಹೊಸಳ್ಳಿ ಕಡೆಗೆ ಹೋಗಲು ಬಿಟ್ಟರೆ ಇನ್ನೂ ಒಳ್ಳೆಯದು. ಅಪ್ಪಯ್ಯನನ್ನು ಹಿಂದೆ ಎಡಗಡೆ ಕೂರಿಸಿ, ಆಯಿಯನ್ನು ಪಕ್ಕದಲ್ಲಿ. ಮೊದಲು ಮಾಮೂಲಿ ಗಾಡಿ, ಆಮೇಲೆ ಎನ್ ಲೈನ್. ಅವರನ್ನು ಅಲ್ಲಿ ಏನೂ ಕೇಳಬೇಡಿ, ಮಗನ ಖುಷಿ ನೋಡಿ ಹೂಂ ಅಂದುಬಿಡುತ್ತಾರೆ. ಮಾರನೇ ದಿನ ಬೆಳಿಗ್ಗೆ ಎದ್ದಾಗ ಬೆನ್ನು ಹೇಗಿದೆ ಅಂತ ಕೇಳಿ. ಸರಿ ಇದೆ ಅಂದರೆ ಎನ್6 ಬುಕ್ ಮಾಡಿ. ನೋವು ಜಾಸ್ತಿ ಆಗಿದ್ದರೆ ಮಾಮೂಲಿ ಐ20ರಲ್ಲಿ 15 ಇಂಚಿನ ಟೈರು ಇರುವ ಟ್ರಿಮ್ ಯಾವುದು ಅಂತ ಕೇಳಿ ಅದನ್ನು ತಗೊಳ್ಳಿ, ಘಟ್ಟದಲ್ಲಿ ಗೇರ್ ಮೊದಲೇ ಇಳಿಸಿ.