ಬ್ಲಾಕ್ ಹಿಂದಿನ ನಂಬರ್ ನೋಡಿ ಹಿಗ್ಗಬೇಡಿ

ಶೆವ್ರೊಲೆ ಕಂಪನಿಯ ಹಳೇ ಕಮಾರೋ ಕಾರು ಕೊಂಡವರ ಫೋನ್ ಹೆಚ್ಚಾಗಿ ಒಂದೇ ಥರ ಶುರುವಾಗುತ್ತದೆ. "ಸಾರ್, ಇಂಜಿನ್ ಒರಿಜಿನಲ್ಲೇ. ಬ್ಲಾಕ್ ಹಿಂದೆ ನಂಬರ್ ನೋಡಿದೆ. ಇಂಟರ್ನೆಟ್ಟಲ್ಲಿ ಹುಡುಕಿದೆ, 1969 ಅಂತ ಬಂತು." ದನಿಯಲ್ಲಿ ಅಷ್ಟು ಖುಷಿ ಇರುತ್ತದೆ. ಅದಕ್ಕೆ ತಣ್ಣೀರು ಎರಚಲು ನನಗೆ ಮನಸ್ಸಿಲ್ಲ. ಆದರೂ ಹೇಳಲೇಬೇಕು. ನೀವು ಬ್ಲಾಕ್ ಮೇಲೆ, ಅಂದರೆ ಇಂಜಿನ್ನಿನ ಎರಕದ ಕಬ್ಬಿಣದ ಒಡಲಿನ ಮೇಲೆ, ನೋಡಿದ್ದು ಅಚ್ಚಿನ ನಂಬರ್. ಆ ಇಂಜಿನ್ ನಿಮ್ಮ ಕಾರಿನ ಜೊತೆಗೇ ಬಂದಿದ್ದಾ ಅನ್ನುವುದನ್ನು ಅದು ಹೇಳುವುದಿಲ್ಲ.

ನಾನು ಮಿಶಿಗನ್‌ನಲ್ಲಿ ಇಂಜಿನ್ ಮೆಷಿನ್ ಶಾಪ್ ನಡೆಸುತ್ತೇನೆ. ಬರುವುದೆಲ್ಲ ಹೆಚ್ಚು ಕಡಿಮೆ ಶೆವ್ರೊಲೆಯ ಸ್ಮಾಲ್ ಬ್ಲಾಕ್ ವಿ-8, ಅಂದರೆ ಎಂಟು ಸಿಲಿಂಡರಿನ ಇಂಜಿನ್. ಇಲ್ಲಿರುವ ನಮ್ಮ ಕನ್ನಡದವರೂ ಈಚೆಗೆ ಇಂಥ ಕಾರು ಕೊಳ್ಳುತ್ತಿದ್ದಾರೆ. ಒಳ್ಳೆಯದೇ. ಆದರೆ ದುಡ್ಡು ಕೊಟ್ಟ ಮೇಲೆ ಫೋನ್ ಮಾಡುತ್ತಾರೆ, ಕೊಡುವ ಮುಂಚೆ ಮಾಡುವುದಿಲ್ಲ.

ಅಚ್ಚಿನ ನಂಬರ್ ಅಂದರೆ ಕಾಸ್ಟಿಂಗ್ ನಂಬರ್. ಬ್ಲಾಕಿನ ಹಿಂದೆ, ಗೇರ್‌ಬಾಕ್ಸ್ ಕೂರುವ ಕಡೆ, ಡ್ರೈವರ್ ಬದಿಯ ಅಂಚಿನಲ್ಲಿ ಉಬ್ಬಿಕೊಂಡಿರುತ್ತದೆ. ಕಬ್ಬಿಣ ಎರೆಯುವಾಗಲೇ ಮೂಡುವ ನಂಬರ್ ಅದು. ಒಂದೇ ನಮೂನೆಯ ಅಚ್ಚಿನಲ್ಲಿ ಎರೆದ ಬ್ಲಾಕ್‌ಗಳೆಲ್ಲಕ್ಕೂ ಒಂದೇ ನಂಬರ್. 3970010 ಅನ್ನುವ ಬ್ಲಾಕ್ ತೆಗೆದುಕೊಳ್ಳಿ. (ಮುಂದೆ ಬರುವ 302, 350 ಅಂದರೆ ಘನ ಇಂಚಿನಲ್ಲಿ ಇಂಜಿನ್ನಿನ ಗಾತ್ರ.) 1969ರ ಕೊನೆಕೊನೆಯ 302 ಇಂಜಿನ್‌ಗಳಲ್ಲಿ ಅದೇ ಇದೆ. 350 ಇಂಜಿನ್‌ನಲ್ಲಂತೂ 1970ರ ದಶಕದುದ್ದಕ್ಕೂ ಅದೇ. ಹೇಗೆ ಅಂದರೆ ಎರಡರ ಬೋರೂ, ಅಂದರೆ ಸಿಲಿಂಡರಿನ ಒಳಗಿನ ಅಡ್ಡಗಲವೂ, 4 ಇಂಚು. ಒಳಗಿನ ಕ್ರ್ಯಾಂಕ್ ಮಾತ್ರ ಬೇರೆ. ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 3 ಇಂಚಾದರೆ 302, 3.48 ಇಂಚಾದರೆ 350. ಹೊರಗಿನಿಂದ ನೋಡಿದರೆ ಅದೇ ಕಬ್ಬಿಣ, ಅದೇ ನಂಬರ್. ಅದನ್ನು ನೋಡಿ ಒರಿಜಿನಲ್ ಅನ್ನುವುದು, ಕಾಲರಿನ ಲೇಬಲ್ ನೋಡಿ ಈ ಶರ್ಟ್ ನನ್ನದೇ ಅಂದ ಹಾಗೆ. ಆ ಲೇಬಲ್ಲಿನ ಶರ್ಟು ಊರ ತುಂಬ ಇರುತ್ತದೆ, ಅಲ್ವಾ?

ನೋಡಬೇಕಾದ ಜಾಗ ಮುಂದೆ ಇದೆ. ಪ್ಯಾಸೆಂಜರ್ ಬದಿಯಲ್ಲಿ, ಬ್ಲಾಕಿನ ಮೇಲೆ ಮುಚ್ಚಳದ ಹಾಗೆ ಕೂರುವ ಸಿಲಿಂಡರ್ ಹೆಡ್‌ನ ಮುಂತುದಿಯ ಬುಡದಲ್ಲಿ ಒಂದು ಸಣ್ಣ ನುಣುಪು ಪಟ್ಟಿ. ನಾವು ಪ್ಯಾಡ್ ಅನ್ನುತ್ತೇವೆ. ದಶಕಗಳ ಗ್ರೀಸ್ ಅದರ ಮೇಲೆ ಕೂತಿರುತ್ತದೆ. ಸಾಲ್ವೆಂಟ್ ಹಾಕಿ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿ. ವೈರ್ ಬ್ರಶ್, ಎಮರಿ ಪೇಪರ್ ಹತ್ತಿರಕ್ಕೂ ತರಬೇಡಿ. ಅಲ್ಲಿ ಕುಟ್ಟಿದ ಅಕ್ಷರಗಳ ಎರಡು ಗುಂಪು ಸಿಗಬೇಕು. ಒಂದು, ಇಂಜಿನ್ ಜೋಡಿಸಿದ ಕಾರ್ಖಾನೆ, ತಿಂಗಳು, ದಿನ, ಕೊನೆಗೆ ಯಾವ ಬಗೆಯ ಇಂಜಿನ್ ಅನ್ನುವ ಎರಡೋ ಮೂರೋ ಅಕ್ಷರ. ಮಿಶಿಗನ್ನಿನ ಫ್ಲಿಂಟ್‌ನಲ್ಲಿ ಜೋಡಿಸಿದ್ದಾದರೆ ಆಗ ಸಾಮಾನ್ಯವಾಗಿ 'ವಿ'ಯಿಂದ ಶುರು. 1969ರ ಝಡ್-28 ಅನ್ನುವ ಕಮಾರೋ ಮಾದರಿಯ 302 ಇಂಜಿನ್ ಆದರೆ ಕೊನೆಗೆ 'ಡಿಝಡ್'. ಇನ್ನೊಂದು ಗುಂಪು ಕಾರಿನ ವಿನ್ ನಂಬರಿನ, ಅಂದರೆ ಪ್ರತಿ ಕಾರಿಗೂ ಬೇರೆಯೇ ಇರುವ ಗುರುತಿನ ನಂಬರಿನ, ತುಂಡು. 19ಎನ್ ಅಂತ ಶುರುವಾದರೆ ಶೆವ್ರೊಲೆ, 1969, ಓಹಾಯೋದ ನಾರ್‌ವುಡ್ ಕಾರ್ಖಾನೆ. ಎನ್ ಬದಲು ಎಲ್ ಇದ್ದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. ಅದರ ಮುಂದಿನ ಆರು ಅಂಕಿ ಡ್ಯಾಶ್‌ಬೋರ್ಡಿನ ವಿನ್ ಜೊತೆ ಹೊಂದಬೇಕು. ಈ ತುಂಡು ಕೆಲವು ಬ್ಲಾಕ್‌ಗಳಲ್ಲಿ ಪ್ಯಾಡ್ ಮೇಲಿರದೆ ಆಯಿಲ್ ಫಿಲ್ಟರ್ ಪಕ್ಕದಲ್ಲಿರುತ್ತದೆ. ಅಲ್ಲೂ ನೋಡದೆ ಇಲ್ಲ ಅನ್ನಬೇಡಿ. 1968ಕ್ಕಿಂತ ಹಿಂದಿನ ಹೆಚ್ಚಿನ ಶೆವ್ರೊಲೆಗಳಲ್ಲಿ ಈ ತುಂಡೇ ಇರುವುದಿಲ್ಲ. ಕಾರ್ವೆಟ್ ಮಾತ್ರ ಬೇರೆ, ಅದಕ್ಕೆ 1960ರಿಂದಲೇ ಇದೆ.

ಕಮಾರೋ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಆ ಕಾಲದ ಫೋರ್ಡ್ ಮಸ್ಟ್ಯಾಂಗ್ ಆದರೆ ವಿನ್‌ನ ಐದನೇ ಅಕ್ಷರವೇ ಯಾವ ಇಂಜಿನ್ ಅಂತ ಹೇಳಿಬಿಡುತ್ತದೆ. 1965ರ ಕಾರಿನಲ್ಲಿ 'ಕೆ' ಇದ್ದರೆ 271 ಹಾರ್ಸ್‌ಪವರ್‌ನ 289. 1969ರ ಕಮಾರೋ ವಿನ್ ಹೇಳುವುದು ಆರು ಸಿಲಿಂಡರೋ ಎಂಟೋ ಅನ್ನುವುದನ್ನು ಮಾತ್ರ. ಯಾವ ವಿ-8 ಅಂತ ಅದರಲ್ಲಿಲ್ಲ. ಹಾಗಾಗಿ ಮೋಸಕ್ಕೆ ದಾರಿ ಜಾಸ್ತಿ. ಪಾಂಟಿಯಾಕ್‌ಗೆ ಕಾರ್ಖಾನೆಯ ಇನ್‌ವಾಯ್ಸ್ ಪ್ರತಿ ತರಿಸಬಹುದು. 1967ರಿಂದೀಚೆಗಿನ ಫೋರ್ಡ್‌ಗೆ ಕಂಪನಿಯ ದಾಖಲೆಗಳಿಂದ ತೆಗೆದುಕೊಡುವ ಮಾರ್ಟಿ ರಿಪೋರ್ಟ್ ಇದೆ. ಅಮೆರಿಕದಲ್ಲಿ ಮಾರಿದ ಶೆವ್ರೊಲೆಗೆ ಅಂಥದ್ದಿಲ್ಲ. ಅದೃಷ್ಟವಿದ್ದರೆ ಪೆಟ್ರೋಲ್ ಟ್ಯಾಂಕಿನ ಮೇಲೆ ಬಿಲ್ಡ್ ಶೀಟ್, ಅಂದರೆ ಆ ಕಾರಿಗೆ ಏನೇನು ಹಾಕಬೇಕು ಅನ್ನುವ ಕಾರ್ಖಾನೆಯ ಚೀಟಿ, ಸಿಕ್ಕೀತು. ಮೊದಲ ಮಾಲೀಕರ ವಾರಂಟಿ ಪುಸ್ತಕದಲ್ಲಿ ಕಾರು, ಇಂಜಿನ್ನಿನ ಗುರುತು ಒತ್ತಿದ ಪ್ರೊಟೆಕ್ಟ್-ಓ-ಪ್ಲೇಟ್ ಅನ್ನುವ ಲೋಹದ ತಗಡು ಉಳಿದಿದ್ದರೆ ಅದು ಬಂಗಾರ.

ಈಗ ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ಮಾತು. ದಿನಾಂಕಗಳು ಸಾಲಾಗಿ ಬರಬೇಕು. ಮೊದಲು ಬ್ಲಾಕ್ ಎರೆಯುತ್ತಾರೆ. ಆಮೇಲೆ ಇಂಜಿನ್ ಜೋಡಿಸುತ್ತಾರೆ. ಆಮೇಲೆ ಕಾರಿಗೆ ಕೂರಿಸುತ್ತಾರೆ. ಎರೆದ ದಿನ ಬ್ಲಾಕಿನ ಹಿಂದೆಯೇ, ಸಾಮಾನ್ಯವಾಗಿ ಕಾಸ್ಟಿಂಗ್ ನಂಬರಿನ ಎದುರು ಬದಿಯಲ್ಲಿ ಇರುತ್ತದೆ. ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಆಮೇಲೆ ತಾರೀಕು, ಆಮೇಲೆ ವರ್ಷದ ಕೊನೆಯ ಅಂಕಿ. 'ಸಿ 14 9' ಅಂದರೆ ಮಾರ್ಚ್ 14, 1969. ಅಥವಾ 1979! ಒಂದೇ ಅಂಕಿ ಇರುವುದರಿಂದ ಹತ್ತು ವರ್ಷ ಆಚೀಚೆ ಆಗಬಹುದು. ಜೋಡಿಸಿದ ದಿನ ಪ್ಯಾಡ್ ಮೇಲಿದೆ. ಕಾರು ತಯಾರಾದ ವಾರ ಇಂಜಿನ್ ಹಿಂದಿನ ಗೋಡೆಯ ತಗಡಿನಲ್ಲಿದೆ. '05ಸಿ' ಅಂದರೆ ಮೇ ತಿಂಗಳ ಮೂರನೇ ವಾರ. ಮೂರರ ನಡುವಿನ ಅಂತರ ಸಾಮಾನ್ಯವಾಗಿ ಕೆಲವು ದಿನ, ಕೆಲವು ವಾರ. ಕೆಲವೊಮ್ಮೆ ತಿಂಗಳುಗಳೂ ಆಗುತ್ತವೆ, ಅದಕ್ಕೇ ಗಾಬರಿ ಬೇಡ. ಆದರೆ ಸಾಲು ತಿರುಗುಮುರುಗು ಆಗುವ ಹಾಗಿಲ್ಲ.

ಮೈಸೂರು ಕಡೆಯ ಒಬ್ಬ ಹುಡುಗ ಝಡ್-28 ಅಂತ ಕೊಂಡು ನೇರ ನಮ್ಮಲ್ಲಿಗೆ ತಂದ. ಪ್ಯಾಡ್ ಮೇಲೆ ಡಿಝಡ್ ಇತ್ತು, ವಿನ್ ತುಂಡು ಕೂಡ ಇತ್ತು. ಜೋಡಿಸಿದ ದಿನ ಏಪ್ರಿಲ್, ಕಾರಿನ ತಗಡಿನಲ್ಲಿ ಮೇ. ಎಲ್ಲ ಚೆಂದ. ಹಿಂದೆ ಬಗ್ಗಿ ಎರೆದ ದಿನ ನೋಡಿದರೆ 'ಎಚ್', ಅಂದರೆ ಆಗಸ್ಟ್, ವರ್ಷ 9. ಅದು 1969 ಆಗಲಿ 1979 ಆಗಲಿ, ಆಗಸ್ಟಿನಲ್ಲಿ ಎರೆದ ಬ್ಲಾಕನ್ನು 1969ರ ಏಪ್ರಿಲ್‌ನಲ್ಲಿ ಜೋಡಿಸಿರಲು ಸಾಧ್ಯವಿಲ್ಲ. ಪ್ಯಾಡ್‌ಗೆ ಲೈಟ್ ಹಿಡಿದೆ. ಕಾರ್ಖಾನೆಯ ಬ್ರೋಚ್ ಮೆಷಿನ್ ಬಿಡುವ ಗೀರುಗಳು ಉದ್ದಕ್ಕೆ, ನೇರವಾಗಿ ಇರುತ್ತವೆ. ಇಲ್ಲಿ ಬಿಲ್ಲಿನ ಹಾಗೆ ಬಾಗಿದ್ದವು. ತಿರುಗುವ ಕಟರ್‌ನಲ್ಲಿ ಹೆರೆದು ಹೊಸದಾಗಿ ಕುಟ್ಟಿದ್ದಾರೆ. ಹೆಡ್ ತೆಗೆದು ಸ್ಟ್ರೋಕ್ ಅಳೆದೆವು, 3.48. ಹುಡುಗ ತುಂಬ ಹೊತ್ತು ಮಾತಾಡಲಿಲ್ಲ. ಊಟಕ್ಕೆ ಕರೆದುಕೊಂಡು ಹೋದೆ. ಆಮೇಲೆ ಅದನ್ನು ಒಳ್ಳೆಯ 350 ಆಗಿಯೇ ಕಟ್ಟಿಕೊಟ್ಟೆವು. ಪ್ರತಿ ಬೇಸಿಗೆ ಹೆಂಡತಿ ಮಗಳನ್ನು ಕೂರಿಸಿಕೊಂಡು ಸುತ್ತುತ್ತಾನೆ, ಫೋಟೋ ಕಳಿಸುತ್ತಾನೆ. ನನಗೆ ಆ ಕಾರು ಇಷ್ಟ.

ಪ್ಯಾಡ್ ಮೇಲೆ 'ಸಿಇ' ಅಂತ ಇದ್ದರೆ ಮೋಸ ಅಂದುಕೊಳ್ಳಬೇಡಿ. ವಾರಂಟಿಯಲ್ಲೋ ರಿಪೇರಿಗೋ ಕಂಪನಿಯೇ ಕೊಟ್ಟ ಬದಲಿ ಇಂಜಿನ್ ಅದು. ಒರಿಜಿನಲ್ ಅಲ್ಲ, ಆದರೆ ಪ್ರಾಮಾಣಿಕವಾದ ಇಂಜಿನ್.

ಎಲ್ಲ ಸರಿ ಇದೆ, ನಿಜಕ್ಕೂ ಒರಿಜಿನಲ್ ಅಂತ ಗೊತ್ತಾಯಿತು ಅನ್ನಿ. ದೊಡ್ಡ ಅಪಾಯ ಈಗ ಶುರು. ಪ್ಯಾಡ್ ಇರುವುದು ಹೆಡ್ ಕೂರುವ ಮಟ್ಟದಲ್ಲೇ. ಬ್ಲಾಕಿನ ಮೇಲ್ಮೈ ಸಮ ಮಾಡಲು ಮೆಷಿನ್‌ಗೆ ಹಾಕಿದರೆ ಕಟರ್ ಪ್ಯಾಡ್ ಮೇಲೂ ಹಾಯುತ್ತದೆ. ಇಂಚಿನ ಸಾವಿರ ಭಾಗದಲ್ಲಿ ಹತ್ತು ಭಾಗ ಹೆರೆದರೂ ಸಾಕು, ಅಷ್ಟು ವರ್ಷ ಉಳಿದುಬಂದ ಗುರುತು ನಿಮಿಷದಲ್ಲಿ ಹೋಗುತ್ತದೆ. ಹೆರೆಸಲೇಬೇಕು ಅಂತಿಲ್ಲ. ಮೊದಲು ಸ್ಟ್ರೇಟ್ ಎಡ್ಜ್ ಇಟ್ಟು ಅಳೆಯಲಿ. ಬಾಗಿಲ್ಲದಿದ್ದರೆ ಸುಮ್ನೆ ಯಾಕೆ ಮುಟ್ಟಬೇಕು? ಬಾಗಿದ್ದರೂ ಕಟರನ್ನು ಪ್ಯಾಡ್‌ಗೆ ಮುಂಚೆ ನಿಲ್ಲಿಸಬಹುದು. ಸಮಯ ಜಾಸ್ತಿ ಹಿಡಿಯುತ್ತದೆ, ದುಡ್ಡೂ ಜಾಸ್ತಿ, ಆದರೆ ಆಗುತ್ತದೆ.

ಬೋರಿನ ವಿಷಯದಲ್ಲೂ ಆತುರ ಬೇಡ. ಬಿರುಕು ಇದೆಯಾ ಅಂತ ಮ್ಯಾಗ್ನೆಟಿಕ್ ಪರೀಕ್ಷೆ, ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಸಾನಿಕ್ ಪರೀಕ್ಷೆ, ಎರಡೂ ಆಗಲಿ. 0.030 ಇಂಚು ದೊಡ್ಡದು ಮಾಡುವುದು ಸಾಮಾನ್ಯ. 0.060 ಅಂದರೆ ನಾನು ಗೋಡೆಯ ಅಳತೆ ನೋಡದೆ ಒಪ್ಪುವುದಿಲ್ಲ. ಒಂದು ಸಿಲಿಂಡರ್ ಕೆಟ್ಟಿದೆ ಅಂತ ಬ್ಲಾಕ್ ಎಸೆಯಬೇಡಿ, ಒಳಗೆ ಸ್ಲೀವ್, ಅಂದರೆ ಹೊಸ ಕೊಳವೆ, ಹಾಕಬಹುದು. ಬೇರೆ ಬ್ಲಾಕ್ ಎಲ್ಲಾದರೂ ಸಿಗುತ್ತದೆ. ಈ ವಿನ್ ಇರುವ ಬ್ಲಾಕ್ ಇರುವುದು ಇದೊಂದೇ.

ಬ್ಲಾಕ್ ಎಲ್ಲಿಗೇ ಕೊಡಿ, ಕೊಡುವ ಮುಂಚೆ ಪ್ಯಾಡಿನ ಫೋಟೋ ತೆಗೆಯಿರಿ. ಪಕ್ಕದಿಂದ ಲೈಟ್ ಬೀಳುವ ಹಾಗೆ, ಹತ್ತಿರದಿಂದ. ಪ್ಯಾಡ್ ಮುಟ್ಟಕೂಡದು ಅಂತ ವರ್ಕ್ ಆರ್ಡರ್‌ನಲ್ಲಿ ಬರೆಸಿ, ಬಾಯಿಮಾತು ಸಾಲದು. ಅಳಿಸಿಹೋಗಿದ್ದರೆ ಮತ್ತೆ ಕುಟ್ಟಿಕೊಡಿ ಅಂತ ನನ್ನ ಬಳಿ ಬರಬೇಡಿ. ಅದು ಮಾರಾಟದ ಹೊತ್ತಿಗೆ ಮೋಸದ ಕೇಸಾಗಬಹುದು, ಕಾನೂನು ಏನು ಅಂತ ನಿಮ್ಮ ರಾಜ್ಯದ ವಕೀಲರನ್ನೇ ಕೇಳಿ. ಅಳಿಸಿದೆ ಅಂತಲೇ ಹೇಳಿ ಮಾರಿ. ಹಳೆಯ ಫೋಟೋ, ಬಿಲ್ಲು ಇದ್ದರೆ ಜೊತೆಗೆ ಕೊಡಿ.