ಕಣ್ಣಿಗೆ ಬೀಳದ ಆಂಟೆನಾ: ಮೊದಲು ನಾಯ್ಸ್ ಕೇಳಿ, ಆಮೇಲೆ ತಂತಿ ಕತ್ತರಿಸಿ

ಮನೆಯ ಹೊರಗೆ, ಗೋಡೆಯಿಂದ ಒಂದಷ್ಟು ದೂರದಲ್ಲಿ, ತಲೆಯ ಮೇಲೆ ಹಾದುಹೋಗುವ ಒಂದು ತೆಳ್ಳನೆಯ ತಂತಿ. ಹ್ಯಾಮ್ ರೇಡಿಯೋಗೆ (ಹವ್ಯಾಸಿಗಳು ತಾವೇ ನಡೆಸುವ ರೇಡಿಯೋ ಸ್ಟೇಷನ್) ಯಾರ ಕಣ್ಣಿಗೂ ಬೀಳದ ಆಂಟೆನಾ ಬೇಕು ಅಂತ ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಎಷ್ಟೋ ಜನಕ್ಕೆ ನಿರಾಸೆ ಆಗುತ್ತದೆ. ಕೋಣೆಯ ಮೂಲೆಯಲ್ಲಿ ನಿಲ್ಲಿಸುವ ಯಾವುದೋ ಜಾಣ ಆಂಟೆನಾದ ಹೆಸರು ಹೇಳುತ್ತೇನೆ ಅಂದುಕೊಂಡು ಅವರು ಬಂದಿರುತ್ತಾರೆ. ಅಂಥವೂ ಇವೆ, ಕೆಲವರಿಗೆ ಅವೇ ಗತಿ. ಆದರೆ ಹೊರಗೆ ಒಂದು ತಂತಿ ಎಳೆಯೋಕೆ ಹತ್ತಡಿ ಜಾಗ ಸಿಕ್ಕಿದರೂ ನಾನು ಅದನ್ನು ಬಿಟ್ಟುಕೊಡುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಆಂಟೆನಾ ಅಂದ ಕೂಡಲೇ ನಮ್ಮ ಯೋಚನೆ ಹೋಗುವುದು ನಮ್ಮ ದನಿ ಎಷ್ಟು ದೂರ ಮುಟ್ಟುತ್ತದೆ ಅನ್ನುವ ಕಡೆಗೆ. ಇವತ್ತಿನ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಕಷ್ಟ ಕೇಳಿಸಿಕೊಳ್ಳುವುದರಲ್ಲಿದೆ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬ್, ಟಿವಿ, ರೂಟರ್‌ನ ಅಡಾಪ್ಟರ್, ಸೋಲಾರ್ ಇನ್ವರ್ಟರ್, ಇವುಗಳೊಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದರಿಂದ ಹುಟ್ಟುವ ಗದ್ದಲ 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಎಚ್‌ಎಫ್ ಬ್ಯಾಂಡಿನ ಉದ್ದಗಲಕ್ಕೂ ಹರಡುತ್ತದೆ, ಮನೆಯ ವೈರಿಂಗೇ ಅದನ್ನು ಹೊರಸೂಸುವ ಆಂಟೆನಾ ಆಗಿಬಿಡುತ್ತದೆ. ಒಳಗಿಟ್ಟ ಆಂಟೆನಾ ಕೂತಿರುವುದು ಆ ಗದ್ದಲದ ನಡುಮಧ್ಯೆ. ಸಿಗ್ನಲ್‌ನ ಬಲ ತೋರಿಸುವ ರೇಡಿಯೋದ ಎಸ್ ಮೀಟರಿನಲ್ಲಿ ಬರೀ ಈ ಗದ್ದಲವೇ, ಅಂದರೆ ನಾಯ್ಸೇ, ಎಸ್7 ತೋರಿಸುತ್ತಿದ್ದರೆ ಎಸ್5ರಲ್ಲಿ ಬರುವ ದೂರದ ಮಾತು ನಿಮ್ಮ ಪಾಲಿಗೆ ಇಲ್ಲವೇ ಇಲ್ಲ. ಪವರ್ ಜಾಸ್ತಿ ಮಾಡಿದರೆ ಅವರಿಗೆ ನೀವು ಇನ್ನೂ ಚೆನ್ನಾಗಿ ಕೇಳಿಸುತ್ತೀರಿ, ನಿಮಗೆ ಅವರು ಕೇಳಿಸುವುದಿಲ್ಲ.

ಹಾಗಾಗಿ ಏನನ್ನೂ ಕೊಳ್ಳುವ ಮುಂಚೆ ಒಂದು ಸಂಜೆ ಇದಕ್ಕೆ ಅಂತ ಇಟ್ಟುಕೊಳ್ಳಿ. ಬ್ಯಾಟರಿಯಲ್ಲಿ ನಡೆಯುವ ಶಾರ್ಟ್‌ವೇವ್ ರೇಡಿಯೋ ಹಿಡಿದು, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಟ್ಯೂನ್ ಮಾಡಿ, ಎಎಮ್ ಮೋಡ್‌ನಲ್ಲಿ ಮನೆಯೆಲ್ಲ ಸುತ್ತಾಡಿ. ಕಿಟಕಿ ಹತ್ತಿರ, ಬಾಲ್ಕನಿಯ ತುದಿಯಲ್ಲಿ, ತಾರಸಿಯ ನಾಲ್ಕೂ ಮೂಲೆಯಲ್ಲಿ, ಅಂಗಳ ಇದ್ದರೆ ಅದರ ಕೊನೆಯವರೆಗೂ. ಗೋಡೆಯಿಂದ ನಾಲ್ಕೈದು ಹೆಜ್ಜೆ ದೂರ ಹೋದರೆ ಸಾಕು, ಎಷ್ಟೋ ಕಡೆ ಗರಗರ ಸದ್ದು ಕಿವಿಗೆ ಗೊತ್ತಾಗುವಷ್ಟು ಇಳಿಯುತ್ತದೆ. ಆಮೇಲೆ ಮನೆಯವರಿಗೆ ಮೊದಲೇ ಹೇಳಿ ಮೇನ್ ಸ್ವಿಚ್ ಆಫ್ ಮಾಡಿ ಇನ್ನೊಂದು ಸಲ ಕೇಳಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ, ಒಂದೊಂದೇ ಸ್ವಿಚ್ ಹಾಕುತ್ತಾ ಹೋದರೆ ಸಿಕ್ಕಿಬೀಳುತ್ತಾನೆ. ಒಂದು ಕೆಟ್ಟ ಅಡಾಪ್ಟರ್ ಬದಲಿಸಿದರೆ ಸಿಗುವ ಲಾಭ ಎಷ್ಟೋ ಸಲ ಹೊಸ ಆಂಟೆನಾದಿಂದಲೂ ಸಿಗುವುದಿಲ್ಲ. ಸದ್ದು ನಿಲ್ಲದಿದ್ದರೆ ಅದು ಹೊರಗಿನಿಂದ ಬರುತ್ತಿದೆ ಅಂತ ಅರ್ಥ, ಆಗ ಜಾಗದ ಆಯ್ಕೆ ಇನ್ನೂ ಮುಖ್ಯ. ಎಲ್ಲಿ ಸದ್ದು ಎಲ್ಲಕ್ಕಿಂತ ಕಮ್ಮಿಯೋ, ಆಂಟೆನಾ ಅಲ್ಲಿಗೆ ಹೋಗಬೇಕು.

ಈಗ ತಂತಿಯ ವಿಷಯಕ್ಕೆ ಬರೋಣ. ತೆಳ್ಳಗಿನ ತಂತಿ ಹಾಕಿದರೆ ಸಿಗ್ನಲ್ ಎಲ್ಲ ತಂತಿಯಲ್ಲೇ ಕಳೆದುಹೋಗುತ್ತದೆ ಅನ್ನುವ ಭಯ ತುಂಬ ಜನಕ್ಕಿದೆ. ಲೆಕ್ಕ ಹಾಕಿ ನೋಡಿ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 14 ಮೆಗಾಹರ್ಟ್ಸ್‌ಗೆ ಡೈಪೋಲ್ (ನಡುವೆ ಕೇಬಲ್ ಸೇರುವ ಎರಡು ತೋಳಿನ ಆಂಟೆನಾ) ಮಾಡಿದರೆ, ಸ್ಕಿನ್ ಎಫೆಕ್ಟ್, ಅಂದರೆ ಕರೆಂಟ್ ತಂತಿಯ ಮೇಲ್ಮೈಯಲ್ಲಷ್ಟೇ ಹರಿಯುವುದರ ನಷ್ಟ, ಎಲ್ಲ ಸೇರಿಸಿದರೂ ಶಾಖವಾಗಿ ಹೋಗುವುದು ನೂರಕ್ಕೆ ನಾಲ್ಕು ಭಾಗ. 7 ಮೆಗಾಹರ್ಟ್ಸ್‌ನಲ್ಲಿ ನೂರಕ್ಕೆ ಆರರ ಹತ್ತಿರ. ಎಸ್ ಮೀಟರಿನ ಒಂದು ಮನೆ, ಅಂದರೆ ಒಂದು ಎಸ್ ಯುನಿಟ್, 6 ಡೆಸಿಬೆಲ್, ಅಂದರೆ ಪವರಿನಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ನೂರು ವಾಟ್ ಇಪ್ಪತ್ತೈದಕ್ಕೆ ಇಳಿದರೆ ಮಾತ್ರ ಆ ಕಡೆಯವರ ಮೀಟರ್ ಒಂದು ಮನೆ ಕೆಳಗೆ ಬರುತ್ತದೆ. ಅದರ ಮುಂದೆ ಈ ನಾಲ್ಕಾರು ವಾಟ್ ಯಾರಿಗೂ ಗೊತ್ತಾಗುವುದೇ ಇಲ್ಲ. ಆದರೆ ತಾಮ್ರವೇ ಆಗಿರಲಿ, ಕಬ್ಬಿಣದ ತೆಳು ತಂತಿಗೆ ಈ ಮಾತು ಹೊಂದುವುದಿಲ್ಲ.

ಅರ್ಧ ಮಿಲಿಮೀಟರ್ ತಂತಿ ಐದಾರು ಮೀಟರ್ ಎತ್ತರದಲ್ಲಿದ್ದರೆ ಹುಡುಕಿದರೂ ಕಣ್ಣಿಗೆ ಸಿಗುವುದು ಕಷ್ಟ. ಜನರ ಕಣ್ಣಿಗೆ ಬೀಳುವುದು ಬೇರೆಯದೇ: ಬಿಳಿ ಪಿಂಗಾಣಿ ಇನ್ಸುಲೇಟರ್, ಗೋಡೆ ಮೇಲೆ ಹಾವಿನಂತೆ ಇಳಿದ ದಪ್ಪ ಕರಿ ಕೇಬಲ್, ತಂತಿಯ ಮಧ್ಯೆ ನೇತಾಡುವ, ಕೇಬಲನ್ನು ಆಂಟೆನಾಗೆ ಹೊಂದಿಸುವ ಬೇಲನ್ ಡಬ್ಬಿ. ಅದಕ್ಕೇ ತುದಿಯಲ್ಲಿ ಇನ್ಸುಲೇಟರ್ ಬದಲು ಬಿಸಿಲಿಗೆ ಹಾಳಾಗದ ತೆಳು ದಾರವನ್ನೇ ಕಟ್ಟಿ. ಹಿನ್ನೆಲೆ ಆಕಾಶವಾದರೆ ಹೊಳಪಿಲ್ಲದ ಬೂದು ಬಣ್ಣ, ಮರಗಿಡವಾದರೆ ಕಡು ಹಸಿರು ಅಥವಾ ಕಪ್ಪು. ಹೊಸ ತಾಮ್ರ ಬಿಸಿಲಿಗೆ ಫಳಫಳ ಅನ್ನುತ್ತದೆ, ಕೆಲವು ತಿಂಗಳಲ್ಲಿ ತಾನೇ ಮಂಕಾಗುತ್ತದೆ. ಮರಕ್ಕೆ ಕಟ್ಟುವುದಾದರೆ ಬಿಗಿಯಾಗಿ ಎಳೆಯಬೇಡಿ. ಗಾಳಿಗೆ ಮರ ತೂಗಿದರೆ ತೆಳು ತಂತಿ ಪಟ್ಟನೆ ಕಿತ್ತುಹೋಗುತ್ತದೆ.

ಉದ್ದ ಎಷ್ಟಿರಬೇಕು? 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅರ್ಧ ತರಂಗದ ಡೈಪೋಲ್‌ನ ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20 ಮೀಟರ್, 14.2ಕ್ಕೆ 10, 28.4ಕ್ಕೆ 5. ಪ್ಲಾಸ್ಟಿಕ್ ಹೊದಿಕೆ ಇರುವ ತಂತಿ ಇದಕ್ಕಿಂತ ಸ್ವಲ್ಪ ಗಿಡ್ಡವಾದರೆ ಸರಿಹೊಂದುತ್ತದೆ. ಮೊದಲು ಉದ್ದವಾಗಿಯೇ ಬಿಟ್ಟು, ಅಳೆಯುತ್ತಾ ಕತ್ತರಿಸುತ್ತಾ ಬನ್ನಿ. ಜಾಗ ಸಾಲದಿದ್ದರೆ ತುದಿಗಳನ್ನು ಮಡಚಿ ಕೆಳಗೆ ಇಳಿಬಿಡಬಹುದು, ಪಕ್ಕಕ್ಕೆ ತಿರುಗಿಸಬಹುದು. ಡೈಪೋಲ್‌ನಲ್ಲಿ ಕರೆಂಟ್ ಜಾಸ್ತಿ ಇರುವುದು ನಡುವಿನಲ್ಲಿ, ಸುಮಾರು ಶೇಕಡಾ 70ರಷ್ಟು ಕೆಲಸ ಮಾಡುವುದು ಮಧ್ಯದ ಅರ್ಧ ಉದ್ದವೇ. ಆ ಭಾಗ ಎತ್ತರದಲ್ಲಿ, ಬಯಲಲ್ಲಿ, ನೆಟ್ಟಗೆ ಇದ್ದರೆ ತುದಿಗಳು ಹೇಗೆ ತಿರುಗಿದರೂ ದೊಡ್ಡ ನಷ್ಟವಿಲ್ಲ. ಎತ್ತರವೂ ಸಿಗದಿದ್ದರೆ 7 ಮೆಗಾಹರ್ಟ್ಸ್‌ನಲ್ಲಿ ತಗ್ಗಿನ ಡೈಪೋಲ್ ಸಿಗ್ನಲನ್ನು ನೇರ ಮೇಲಕ್ಕೆ ಕಳಿಸುತ್ತದೆ, ಅದು ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ಸುತ್ತಲಿನ ಕೆಲವು ನೂರು ಕಿಲೋಮೀಟರಿಗೆ ಇಳಿಯುತ್ತದೆ. ಹಗಲು ಹೊತ್ತು ಹತ್ತಿರದ ಗೆಳೆಯರ ಜೊತೆ ಮಾತಾಡುವವರಿಗೆ ಅದೇ ಸರಿಯಾದ ಆಂಟೆನಾ.

ಮರೆಯಲ್ಲಿ ಇಡಬೇಕು ಅನ್ನುವವರಿಗೆ ಡೈಪೋಲ್‌ಗಿಂತ ಎಂಡ್ ಫೆಡ್ ಹಾಫ್ ವೇವ್ ಅನುಕೂಲ, ನಾನೂ ಹೆಚ್ಚಾಗಿ ಅದನ್ನೇ ಹೇಳುವುದು. ಅರ್ಧ ತರಂಗದ ತಂತಿಗೆ ಒಂದು ತುದಿಯಿಂದ ಫೀಡ್ ಕೊಡುತ್ತೇವೆ, ಹಾಗಾಗಿ ನಡುವೆ ಕೇಬಲ್ ಇಳಿಯುವುದಿಲ್ಲ. ತುದಿಯಲ್ಲಿ ಇಂಪಿಡೆನ್ಸ್ (ಎಸಿ ಕರೆಂಟಿಗೆ ಇರುವ ತಡೆ) ಎರಡು ಸಾವಿರ ಓಮ್ ದಾಟುವುದರಿಂದ, ಅದನ್ನು ಕೇಬಲ್‌ನ 50 ಓಮ್‌ಗೆ ಇಳಿಸಲು 49:1 ಟ್ರಾನ್ಸ್‌ಫಾರ್ಮರ್ ಬೇಕು, ಅದನ್ನು ಕಿಟಕಿಯ ಹೊರಗೆ ಸಜ್ಜಾದ ಕೆಳಗೆ ಅಡಗಿಸಿಡಬಹುದು. 20 ಮೀಟರ್ ತಂತಿ 7ರ ಜೊತೆ 14, 21, 28 ಮೆಗಾಹರ್ಟ್ಸ್‌ಗೂ ಒದಗುತ್ತದೆ. ಒಂದು ಎಚ್ಚರ ಬೇಕು. ಈ ಆಂಟೆನಾ ತನಗೆ ಬೇಕಾದ ಇನ್ನೊಂದು ಕಾಲನ್ನು ಕೋಆಕ್ಸ್ ಕೇಬಲ್‌ನ ಶೀಲ್ಡ್‌ನಲ್ಲೇ (ಹೊರಗಿನ ಲೋಹದ ಹೊದಿಕೆಯಲ್ಲಿ) ಹುಡುಕಿಕೊಳ್ಳುತ್ತದೆ. ಸುಮ್ನೆ ಬಿಟ್ಟರೆ ಆರ್‌ಎಫ್, ಅಂದರೆ ನಾವು ಕಳಿಸುವ ರೇಡಿಯೋ ಶಕ್ತಿ, ಕೇಬಲ್ ಹಿಡಿದು ಮನೆಯೊಳಗೆ ಬರುತ್ತದೆ, ಮನೆಯ ನಾಯ್ಸ್ ಅದೇ ದಾರಿ ಹಿಡಿದು ಆಂಟೆನಾ ಸೇರುತ್ತದೆ, ಅಲ್ಲಿಗೆ ತಂತಿಯನ್ನು ಹೊರಗೆ ಎಳೆದ ಕಷ್ಟವೆಲ್ಲ ನೀರುಪಾಲು. ಟ್ರಾನ್ಸ್‌ಫಾರ್ಮರ್‌ನ ಶೀಲ್ಡ್ ಕಡೆಗೆ ಒಂದೆರಡು ಮೀಟರ್ ತಂತಿಯನ್ನು ಕೌಂಟರ್‌ಪಾಯ್ಸ್ ಆಗಿ, ಅಂದರೆ ಆ ಇನ್ನೊಂದು ಕಾಲಾಗಿ, ಕೊಡಿ. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಈ ಆರ್‌ಎಫ್ ತಡೆಯುವ ಫೆರೈಟ್ ಚೋಕ್ ಹಾಕಿ. 31ನೇ ಮಿಕ್ಸ್ ಅನ್ನುವ ಬಗೆಯ ಫೆರೈಟ್‌ನ ದೊಡ್ಡ ಟೊರಾಯ್ಡ್‌ಗೆ (ಉಂಗುರಕ್ಕೆ) ತೆಳು ಕೋಆಕ್ಸನ್ನು ಹತ್ತು ಹನ್ನೆರಡು ಸುತ್ತು ಸುತ್ತಿದರೆ ಎಚ್‌ಎಫ್‌ನ ಬಹುಪಾಲು ಬ್ಯಾಂಡ್‌ಗಳಿಗೆ ಅದು ಸಾಕು.

ಬರೀ ಬಾಲ್ಕನಿ ಇರುವವರು 14 ಮೆಗಾಹರ್ಟ್ಸ್ ಮತ್ತು ಅದರ ಮೇಲಿನ ಬ್ಯಾಂಡ್‌ಗಳನ್ನು ನೋಡಿ. 28ರಲ್ಲಿ ಕಾಲು ತರಂಗದ ವಿಪ್ (ಕೋಲಿನಂಥ ಆಂಟೆನಾ) ಎರಡೂವರೆ ಮೀಟರ್ ಅಷ್ಟೇ. ಕಂಬಿಗೆ ಕ್ಲ್ಯಾಂಪ್ ಮಾಡಿ ಹೊರಕ್ಕೆ ಓರೆಯಾಗಿ ಚಾಚಿ, ಅಷ್ಟೇ ಉದ್ದದ ಒಂದೆರಡು ತಂತಿಯನ್ನು ರೇಡಿಯಲ್ ಆಗಿ, ಅಂದರೆ ನೆಲದ ಬದಲಿಗೆ, ಬಾಲ್ಕನಿಯ ಅಂಚಿನಲ್ಲಿ ಹರಡಿ. ಕಂಬಿಯನ್ನೇ ಗ್ರೌಂಡ್ ಮಾಡಿಕೊಳ್ಳುವವರಿದ್ದಾರೆ. ಅದರ ಜೋಡಣೆಗಳು ಗಟ್ಟಿಯಾಗಿದ್ದರೆ ಸರಿ, ತುಕ್ಕು ಹಿಡಿದಿದ್ದರೆ ಆ ತುಕ್ಕೇ ಡಯೋಡ್ ಥರ ಕೆಲಸ ಮಾಡಿ ಇಲ್ಲದ ಫ್ರೀಕ್ವೆನ್ಸಿಗಳನ್ನು ಹುಟ್ಟುಹಾಕುತ್ತದೆ. ರಾತ್ರಿ ಮಾತ್ರ ಆಪರೇಟ್ ಮಾಡುವವರಿಗೆ ಇನ್ನೂ ಸುಲಭದ ದಾರಿ ಇದೆ. ಫೈಬರ್‌ಗ್ಲಾಸ್‌ನ ಮಡಚುವ ಕಂಬಕ್ಕೆ ತಂತಿ ಕಟ್ಟಿ ಕತ್ತಲಾದ ಮೇಲೆ ಹೊರಗೆ ಚಾಚಿ, ಮುಗಿದ ಮೇಲೆ ಒಳಗೆ ಎಳೆದುಕೊಳ್ಳಿ. ಕಾರ್ಬನ್ ಫೈಬರ್ ಕಂಬ ಬೇಡ, ಅದರಲ್ಲಿ ಕರೆಂಟ್ ಹರಿಯುತ್ತದೆ.

ಹೆಂಚಿನ ಮಾಡಿನ ಕೆಳಗೆ ಅಟ್ಟ ಇದ್ದರೆ ಅಲ್ಲಿ ಡೈಪೋಲ್ ಕಟ್ಟಬಹುದು. ತಗಡಿನ ಚಾವಣಿ ಅಥವಾ ಫಾಯಿಲ್ ಹಚ್ಚಿದ ಶಾಖನಿರೋಧಕ ಇದ್ದರೆ ಆ ಆಸೆ ಬಿಡಿ. ಕಾಂಕ್ರೀಟ್ ಮನೆಯಲ್ಲಿ ಒಳಗಿನ ಕಬ್ಬಿಣದ ಜಾಲ ಸಿಗ್ನಲನ್ನು ತಡೆಯುತ್ತದೆ. ತಾರಸಿಯ ಮೇಲೆ ತಂತಿ ಹಾಸಿದರೂ ಅದೇ ಕಬ್ಬಿಣ ಸ್ವಲ್ಪ ನುಂಗುತ್ತದೆ, ಹಾಗಾಗಿ ಎರಡು ಮೂರು ಮೀಟರ್ ಆದರೂ ಮೇಲೆತ್ತಿ.

ಇನ್ನು ಮ್ಯಾಗ್ನೆಟಿಕ್ ಲೂಪ್, ಅಂದರೆ ಬಳೆಯಂತೆ ಬಾಗಿಸಿ ಕೆಪಾಸಿಟರ್‌ನಿಂದ ಟ್ಯೂನ್ ಮಾಡುವ ಸಣ್ಣ ಆಂಟೆನಾ. ಇದರ ಬಗ್ಗೆ ಅತಿಯಾದ ಹೊಗಳಿಕೆ, ಅತಿಯಾದ ತೆಗಳಿಕೆ ಎರಡನ್ನೂ ಕೇಳುತ್ತೇನೆ. ಒಂದು ಮೀಟರ್ ಅಗಲದ, 22 ಮಿಲಿಮೀಟರ್ ತಾಮ್ರದ ಪೈಪಿನ ಲೂಪ್ ತೆಗೆದುಕೊಳ್ಳಿ. 14 ಮೆಗಾಹರ್ಟ್ಸ್‌ನಲ್ಲಿ ಅದರ ರೇಡಿಯೇಷನ್ ರೆಸಿಸ್ಟೆನ್ಸ್ (ಶಾಖವಾಗದೆ ಅಲೆಯಾಗಿ ಹೊರಹೋಗುವ ಪವರಿನ ಲೆಕ್ಕದ ಓಮ್) ಸುಮಾರು 0.1 ಓಮ್. ಫ್ರೀಕ್ವೆನ್ಸಿ ಅರ್ಧ ಆದರೆ ಇದು ಹದಿನಾರನೇ ಒಂದು ಭಾಗಕ್ಕೆ ಕುಸಿಯುತ್ತದೆ, 7ರಲ್ಲಿ 0.006 ಓಮ್. ಪೈಪಿನ ಸ್ವಂತ ನಷ್ಟವೇ ಅದರ ಐದು ಪಟ್ಟು. ಅಂದರೆ ಇದೇ ಲೂಪ್ 14ರಲ್ಲಿ ಅರ್ಧಕ್ಕಿಂತ ಜಾಸ್ತಿ ಪವರನ್ನು ಹೊರಗೆ ಕಳಿಸಬಲ್ಲದು, 7ರಲ್ಲಿ ನೂರಕ್ಕೆ ಹದಿನೈದು ಭಾಗ ಹೋದರೆ ಹೆಚ್ಚು. ಅದೂ ಎಲ್ಲ ಜೋಡಣೆ ಬೆಸುಗೆ ಹಾಕಿದ್ದಾಗ. ಸ್ಕ್ರೂ ಹಾಕಿ ಜೋಡಿಸಿದ ಒಂದು ಸಡಿಲ ಕೀಲು ಇಷ್ಟು ಸಣ್ಣ ಓಮ್‌ಗಳ ಲೆಕ್ಕವನ್ನೇ ಕೆಡಿಸಿಬಿಡುತ್ತದೆ. ಬ್ಯಾಂಡ್‌ವಿಡ್ತ್ ಬಹಳ ಕಿರಿದು, ಸ್ವಲ್ಪ ಸರಿದರೂ ಮತ್ತೆ ಟ್ಯೂನ್ ಮಾಡಬೇಕು. ಹತ್ತು ವಾಟ್ ಕೊಟ್ಟರೂ ಕೆಪಾಸಿಟರ್ ಮೇಲೆ ಸಾವಿರ ವೋಲ್ಟ್ ದಾಟುತ್ತದೆ. ಇಷ್ಟಾದರೂ ಇದಕ್ಕೊಂದು ಒಳ್ಳೆಯ ಗುಣ ಇದೆ: ತಿರುಗಿಸಿದರೆ ಒಂದು ದಿಕ್ಕಿನ ನಾಯ್ಸ್ ಅದರ ಕುರುಡು ಬದಿಗೆ ಬಂದು ಇಳಿದುಹೋಗುತ್ತದೆ. ಬಾಲ್ಕನಿ ಬಿಟ್ಟು ಬೇರೆ ಜಾಗವೇ ಇಲ್ಲ ಅನ್ನುವವರು ಧೈರ್ಯವಾಗಿ ಇದನ್ನು ಆರಿಸಿಕೊಳ್ಳಬಹುದು. ಮೇಜಿನ ಪಕ್ಕದಲ್ಲಿ ಇಟ್ಟುಕೊಂಡು ಟ್ರಾನ್ಸ್‌ಮಿಟ್ ಮಾತ್ರ ಮಾಡಬೇಡಿ, ಅದರ ಹತ್ತಿರದ ಕಾಂತಕ್ಷೇತ್ರ ತುಂಬ ಜೋರಾಗಿರುತ್ತದೆ. ಪವರ್ ಕಮ್ಮಿ ಇಟ್ಟು ಎರಡು ಮೂರು ಮೀಟರ್ ದೂರದಲ್ಲಿರಿ.

ಅಂಗಡಿಯಲ್ಲಿ ಆಂಟೆನಾ ಆರಿಸುವಾಗ ಎಸ್‌ಡಬ್ಲ್ಯೂಆರ್ (ಆಂಟೆನಾ ಕೇಬಲ್‌ಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ, 1:1 ಅಂದರೆ ಪೂರ್ತಿ ಹೊಂದಿಕೆ) ಒಂದನ್ನೇ ನೋಡಬೇಡಿ, ಅದು ಜನರನ್ನು ದಾರಿ ತಪ್ಪಿಸುತ್ತದೆ. ಪವರನ್ನೆಲ್ಲ ಶಾಖ ಮಾಡಿಬಿಡುವ 50 ಓಮ್‌ನ ಡಮ್ಮಿ ಲೋಡ್ 1:1 ತೋರಿಸುತ್ತದೆ, ಅದರಿಂದ ಏನೂ ಹೊರಗೆ ಹೋಗುವುದಿಲ್ಲ ಅಲ್ವಾ? ಗಿಡ್ಡ ಆಂಟೆನಾ ಎಲ್ಲ ಬ್ಯಾಂಡಿನಲ್ಲೂ ಸಲೀಸಾಗಿ ಮ್ಯಾಚ್ ಆಗುತ್ತದೆ ಅಂದರೆ ನಾನು ಮೊದಲು ಅನುಮಾನ ಪಡುವುದು ಒಳಗೆ ಎಲ್ಲಿ ಬಿಸಿಯಾಗುತ್ತಿದೆ ಅಂತ.

145 ಮೆಗಾಹರ್ಟ್ಸ್‌ನವರಿಗೆ ಈ ಪಾಡಿಲ್ಲ. ಕಾಲು ತರಂಗ ಅರ್ಧ ಮೀಟರ್, ಒಂದೂವರೆ ಮೀಟರ್‌ನ ಸ್ಲಿಮ್ ಜಿಮ್ ಅನ್ನುವ ತೆಳು ಆಂಟೆನಾ ಪರದೆಯ ಹಿಂದೆ ತೂಗಿದರೆ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಸ್ಟೇಷನ್) ಸಿಗುತ್ತದೆ. ಕಿಟಕಿಯ ಗಾಜಿಗೆ ಲೋಹದ ತೆಳು ಲೇಪ ಇದೆಯಾ ಅಂತ ನೋಡಿಕೊಳ್ಳಿ, ಇದ್ದರೆ ಸಿಗ್ನಲ್ ಅಲ್ಲೇ ನಿಲ್ಲುತ್ತದೆ.

ಕಣ್ಣಿಗೆ ಕಾಣದ ಆಂಟೆನಾ ಪಕ್ಕದ ಮನೆಯ ಸ್ಪೀಕರ್‌ನಲ್ಲಿ ಕೇಳಿಸಿದರೆ ಗುಟ್ಟು ಅಲ್ಲಿಗೆ ರಟ್ಟು. ಚೋಕ್ ಮತ್ತು ಕಮ್ಮಿ ಪವರ್, ಎರಡೂ ಮರೆಯ ಭಾಗವೇ. ಮಾತಿನ ಬದಲು ಮೋರ್ಸ್ ಅಥವಾ ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳಿಸುವ ಎಫ್‌ಟಿ8 ಬಳಸಿದರೆ ಐದು ಹತ್ತು ವಾಟ್‌ನಲ್ಲೇ ಖಂಡ ದಾಟಬಹುದು. 2017ರಲ್ಲಿ ಬಂದ ಎಫ್‌ಟಿ8, ನಾಯ್ಸ್‌ಗಿಂತ ಸುಮಾರು 20 ಡೆಸಿಬೆಲ್ ಕೆಳಗಿರುವ ಸಿಗ್ನಲನ್ನೂ ಓದಬಲ್ಲದು. ಬಾಡಿಗೆ ಕರಾರು, ವಸತಿ ಸಂಘದ ನಿಯಮ ಏನಿದೆ ಅಂತ ಮೊದಲೇ ಓದಿಕೊಳ್ಳಿ. ತೆಳು ತಂತಿಯೊಂದಕ್ಕೆ ಬಾಯಿಬಿಟ್ಟು ಕೇಳಿದರೆ ಒಪ್ಪಿಗೆ ಸಿಗುವುದೂ ಉಂಟು.

ಕರೆಂಟ್ ಲೈನಿನ ವಿಷಯದಲ್ಲಿ ರಾಜಿಯೇ ಇಲ್ಲ. ತಂತಿ ಕಡಿದು ಬಿದ್ದರೂ, ಕಂಬ ವಾಲಿದರೂ ಲೈನಿಗೆ ತಾಗದಷ್ಟು ದೂರ ಇರಬೇಕು. ಲೈನಿನ ಮೇಲಿಂದಾಗಲಿ ಕೆಳಗಿಂದಾಗಲಿ ತಂತಿ ದಾಟಿಸಬೇಡಿ. ಎಂಡ್ ಫೆಡ್ ತಂತಿಯ ತುದಿಗಳಲ್ಲಿ ನೂರು ವಾಟ್‌ಗೆ 500 ವೋಲ್ಟ್‌ನಷ್ಟು ಆರ್‌ಎಫ್ ಇರುತ್ತದೆ, ಮುಟ್ಟಿದರೆ ಸುಡುತ್ತದೆ. ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ. ಗುಡುಗು ಶುರುವಾಗುವ ಮುಂಚೆಯೇ ಕೇಬಲನ್ನು ರೇಡಿಯೋದಿಂದ ಕಳಚಿ ಹೊರಗೆ ಹಾಕಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಬೇಡಿ.

ಎರಡು ಜಾಗಗಳ ನಡುವೆ ತೀರ್ಮಾನ ಆಗದಿದ್ದರೆ ವಿಸ್ಪರ್ (WSPR) ಬಳಸಿ, ಅದು ತೀರಾ ಕಮ್ಮಿ ಪವರಿನಲ್ಲಿ ಸಿಗ್ನಲ್ ಎಲ್ಲಿಗೆ ಮುಟ್ಟುತ್ತದೆ ಅಂತ ನೋಡುವ ಡಿಜಿಟಲ್ ವಿಧಾನ. 200 ಮಿಲಿವಾಟ್‌ನಲ್ಲಿ ಒಂದು ಆಂಟೆನಾದಿಂದ ಒಂದು ದಿನ, ಇನ್ನೊಂದರಿಂದ ಇನ್ನೊಂದು ದಿನ ಕಳಿಸಿ. ಯಾರ್ಯಾರು ಎಷ್ಟು ಬಲದಲ್ಲಿ ಕೇಳಿದರು ಅನ್ನುವ ಪಟ್ಟಿ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ನೀವು ಎಷ್ಟು ಸ್ಟೇಷನ್ ಕೇಳಿಸಿಕೊಂಡಿರಿ ಅನ್ನುವುದನ್ನೂ ಪಕ್ಕದಲ್ಲೇ ಬರೆದಿಡಿ. ಬ್ಯಾಂಡ್ ದಿನಕ್ಕೊಂದು ಥರ ಇರುತ್ತದೆ, ಹಾಗಾಗಿ ಒಂದೇ ದಿನದ ಲೆಕ್ಕ ನಂಬದೆ ಒಂದು ವಾರ ಅದಲುಬದಲು ಮಾಡಿ ನೋಡಿ. ಎರಡೂ ಪಟ್ಟಿ ಒಂದೇ ಜಾಗವನ್ನು ತೋರಿಸಿದರೆ ತಂತಿಯನ್ನು ಅಲ್ಲೇ ಗಟ್ಟಿ ಮಾಡಿ. ಬೇರೆ ಬೇರೆ ತೋರಿಸಿದರೆ, ಚೆನ್ನಾಗಿ ಕೇಳಿಸಿಕೊಳ್ಳುವ ಜಾಗವನ್ನೇ ನಾನು ಆರಿಸುತ್ತೇನೆ.